ಸಾಕ್ಷಿಯ ಕೈ ಮೊದಲು

ಕ್ರಿಸ್ತಶಕ 200ರ ಸುಮಾರಿನಲ್ಲಿ, ಗಲಿಲಾಯ ಪ್ರಾಂತದಲ್ಲಿ, ಯೆಹೂದಾ ಹ-ನಾಸಿ ಎಂಬ ಆಚಾರ್ಯನು ಹಲವು ತಲೆಮಾರುಗಳ ಶಾಸ್ತ್ರಚರ್ಚೆಯನ್ನು ‘ಮಿಶ್ನಾ’ ಎಂಬ ಸಂಹಿತೆಯಾಗಿ ಸಂಗ್ರಹಿಸಿದಾಗ, ಅದರ ‘ಸನ್ಹೆದ್ರಿನ್’ ಮತ್ತು ‘ಮಕ್ಕೋತ್’ ಎಂಬ ಎರಡು ಪ್ರಕರಣಗಳಲ್ಲಿ ಮರಣದಂಡನೆಯ ವಿಧಿಗಳೆಲ್ಲವೂ ಸವಿಸ್ತಾರವಾಗಿ ನಿರೂಪಿತವಾದುವು. ಆದರೆ ಅವನ್ನು ನಿರೂಪಿಸಿದ ರಬ್ಬಿಗಳಿಗೆ, ಎಂದರೆ ಯೆಹೂದ್ಯ ಧರ್ಮಪಂಡಿತರಿಗೆ, ಒಬ್ಬ ಅಪರಾಧಿಯನ್ನಾದರೂ ವಧಿಸುವ ಅಧಿಕಾರವನ್ನು ರೋಮನ್ ಪ್ರಭುತ್ವವು ಕೊಟ್ಟಿರಲಿಲ್ಲ. ಯೆರೂಸಲೇಮಿನ ದೇವಾಲಯವು ಕ್ರಿಸ್ತಶಕ 70ರಲ್ಲಿ ನಾಶವಾಗಿತ್ತು. ಅದಕ್ಕೂ 40 ವರ್ಷಗಳ ಹಿಂದೆಯೇ ಪ್ರಾಣದಂಡನೆಯ ಅಧಿಕಾರವು ತಮ್ಮವರ ಕೈ ಬಿಟ್ಟುಹೋಯಿತೆಂದು, ಮಿಶ್ನಾವನ್ನು ವ್ಯಾಖ್ಯಾನಿಸುವ ತಾಲ್ಮುದ್ ಗ್ರಂಥವೇ ಹೇಳುತ್ತದೆ. ಹಾಗಿದ್ದಮೇಲೆ, ನಡೆಯದ ವಿಚಾರಣೆಗೆ ಇಷ್ಟೊಂದು ನಿಯಮಗಳೇಕೆ? ನೂರು ವರ್ಷಗಳಿಗೂ ಮೀರಿ ಈ ಪ್ರಕರಣಗಳನ್ನು ಅಭ್ಯಾಸಮಾಡಿದ ವಿದ್ವಾಂಸರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಈ ಪ್ರಶ್ನೆಗೇ ಉತ್ತರವನ್ನು ಅರಸಿದವರು.

ಮೊದಲು ನಿಯಮಗಳನ್ನೇ ನೋಡೋಣ. ಪ್ರಾಣಾಪರಾಧವನ್ನು ವಿಚಾರಿಸತಕ್ಕ ಸಭೆಯಲ್ಲಿ 23 ಮಂದಿ ನ್ಯಾಯಾಧೀಶರಿರಬೇಕು. ಬಿಡುಗಡೆಗೆ ಒಂದು ಮತದ ಆಧಿಕ್ಯ ಸಾಕು, ಶಿಕ್ಷೆಗೆ ಎರಡು ಬೇಕು. ನಿರಪರಾಧಿಯೆಂಬ ತೀರ್ಪನ್ನು ಅಂದೇ ಕೊಡಬಹುದು. ಅಪರಾಧಿಯೆಂಬ ತೀರ್ಪಿಗೆ ಒಂದು ರಾತ್ರಿ ಕಳೆಯಲೇಬೇಕಾದುದರಿಂದ, ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ಹಿಂದಿನ ದಿನ ಇಂಥ ವಿಚಾರಣೆಯನ್ನು ಕೈಗೊಳ್ಳುವಂತೆಯೇ ಇಲ್ಲ. ಹಿರಿಯರ ಅಭಿಪ್ರಾಯಕ್ಕೆ ಕಿರಿಯರು ತಲೆಬಾಗಿಬಿಟ್ಟಾರೆಂಬ ಶಂಕೆಯಿಂದ ಕಿರಿಯರೇ ಮೊದಲು ನುಡಿಯತಕ್ಕದ್ದು. ವಧಸ್ಥಾನಕ್ಕೆ ಕರೆದೊಯ್ಯುವಾಗಲೂ ನ್ಯಾಯಸಭೆಯ ಬಾಗಿಲಲ್ಲಿ ಒಬ್ಬನು ವಸ್ತ್ರವನ್ನು ಹಿಡಿದು ನಿಂತಿರುವನು, ದೂರದಲ್ಲಿ ಅವನು ಕಾಣುವಷ್ಟು ಅಂತರದಲ್ಲಿ ಕುದುರೆಯ ಸವಾರನೊಬ್ಬನು ಕಾದಿರುವನು. ಯಾರಿಗಾದರೂ ಅಪರಾಧಿಯ ಪರವಾಗಿ ಹೊಸದೊಂದು ಯುಕ್ತಿ ಹೊಳೆದರೆ ವಸ್ತ್ರ ಬೀಸುತ್ತದೆ, ಕುದುರೆ ಓಡುತ್ತದೆ, ಮೆರವಣಿಗೆ ಹಿಂದಿರುಗುತ್ತದೆ.

ಇವೆಲ್ಲಕ್ಕಿಂತಲೂ ಹೆಚ್ಚಿನ ಕಟ್ಟೆಚ್ಚರವನ್ನು ರಬ್ಬಿಗಳು ಸಾಕ್ಷಿಗಳ ವಿಷಯದಲ್ಲಿ ವಹಿಸಿದರು. ಎರಡು ಸಾಕ್ಷಿಗಳಿಲ್ಲದೆ ಯಾರೂ ಸಾಯಕೂಡದೆಂದೂ, ಕಲ್ಲೆಸೆಯುವಲ್ಲಿ ಸಾಕ್ಷಿಗಳ ಕೈಯೇ ಮೊದಲಾಗತಕ್ಕದ್ದೆಂದೂ ಬೈಬಲಿನ ಧರ್ಮೋಪದೇಶಕಾಂಡವು ವಿಧಿಸಿತ್ತು. ಈ ಎರಡು ವಾಕ್ಯಗಳ ಮೇಲೆ ರಬ್ಬಿಗಳು ಒಂದು ಸೌಧವನ್ನೇ ಎಬ್ಬಿಸಿದರು. ಸಾಕ್ಷಿಗಳನ್ನು ಒಳಗೆ ಕರೆದು, ಹಣದ ವ್ಯಾಜ್ಯದಲ್ಲಿ ತಪ್ಪಾದರೆ ಹಣ ತೆತ್ತು ಪರಿಹಾರ ಕಂಡುಕೊಳ್ಳಬಹುದು, ಇಲ್ಲಾದರೋ ಸತ್ತವನ ರಕ್ತವೂ ಅವನಿಂದ ಹುಟ್ಟಬಹುದಾಗಿದ್ದ ಸಂತತಿಯ ರಕ್ತವೂ ಲೋಕಾಂತ್ಯದವರೆಗೆ ತಮ್ಮನ್ನು ಅಂಟಿಕೊಂಡಿರುವುವು ಎಂದು ಭಯ ಹುಟ್ಟಿಸುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ನಿಲ್ಲಿಸಿ ಏಳು ಪ್ರಶ್ನೆಗಳನ್ನು ಕೇಳುತ್ತಾರೆ: ಯಾವ ಏಳುವರ್ಷದ ಆವರ್ತ, ಅದರಲ್ಲಿ ಯಾವ ವರ್ಷ, ಯಾವ ತಿಂಗಳು, ಯಾವ ತೇದಿ, ಯಾವ ವಾರ, ಯಾವ ಹೊತ್ತು, ಯಾವ ಸ್ಥಳ. ಬೆನ್ ಝಕ್ಕಾಯಿ ಎಂಬವನು ಕೊಲೆ ನಡೆದ ಅಂಜೂರದ ಮರದ ಹಣ್ಣುಗಳ ತೊಟ್ಟಿನ ವಿಷಯವಾಗಿಯೂ ಪಾಟೀಸವಾಲು ಮಾಡಿದನಂತೆ. ಊಹೆಯಂತೂ ಪೂರ್ತಿಯಾಗಿ ನಿಷಿದ್ಧ. ಶಿಮೋನ್ ಬೆನ್ ಶೆತಾಹ್ ಎಂಬ ಆಚಾರ್ಯನು, ಒಬ್ಬನು ಇನ್ನೊಬ್ಬನನ್ನು ಪಾಳುಮನೆಯೊಳಕ್ಕೆ ಅಟ್ಟಿಕೊಂಡು ಹೋದುದನ್ನು ಕಂಡು ಹಿಂದೆಯೇ ಓಡಿ, ರಕ್ತ ತೊಟ್ಟಿಕ್ಕುವ ಕತ್ತಿಯನ್ನೂ ಹೊರಳುತ್ತಿದ್ದ ದೇಹವನ್ನೂ ಕಣ್ಣಾರೆ ಕಂಡರೂ, ಹೊಡೆತವನ್ನೇ ಕಾಣಲಿಲ್ಲವಾದುದರಿಂದ ಕೊಲೆಗಾರನನ್ನು ದೇವರಿಗೇ ಒಪ್ಪಿಸಿ ಕೈಚೆಲ್ಲಬೇಕಾಯಿತೆಂಬ ಕಥೆಯಿದೆ.

ಇಷ್ಟೂ ಸಾಲದೆಂಬಂತೆ ‘ಎಚ್ಚರಿಕೆ’ಯ ನಿಯಮ ಬೇರೆ. ಕೃತ್ಯಕ್ಕೆ ಮುನ್ನ ಅಪರಾಧಿಗೆ, ಇದಕ್ಕೆ ಮರಣವೇ ಶಿಕ್ಷೆಯೆಂದು ತಿಳಿಸಿರಬೇಕು; ಅವನೂ ತಾನು ಅದನ್ನು ಬಲ್ಲೆನೆಂದೂ, ಬಲ್ಲುದರಿಂದಲೇ ಮಾಡುತ್ತಿರುವೆನೆಂದೂ ಉತ್ತರಿಸಿರಬೇಕೆಂದು, ಮಿಶ್ನಾಕ್ಕೆ ಅನುಬಂಧಪ್ರಾಯವಾದ ‘ತೋಸೆಫ್ತಾ’ ಹೇಳುತ್ತದೆ. ಹೀಗೆ ನುಡಿದು ಕೊಲೆ ಮಾಡುವವನಾರು?

ಹತ್ತೊಂಬತ್ತನೆಯ ಶತಮಾನದ ಯೆಹೂದ್ಯ ವಿದ್ವಾಂಸರು ಈ ನಿಯಮಗಳಲ್ಲಿ ಕಾರುಣ್ಯವನ್ನು ಕಂಡರು. ಸ್ಯಾಮ್ಯುಯೆಲ್ ಮೆಂಡೆಲ್‌ಸೋನನು 1891ರಲ್ಲಿ ಬಾಲ್ಟಿಮೋರಿನಲ್ಲಿ ಪ್ರಕಟಿಸಿದ ಗ್ರಂಥವು ತಾಲ್ಮುದಿನ ದಂಡನೀತಿಯನ್ನು ರೋಮನ್ ಮತ್ತು ಇಂಗ್ಲಿಷ್ ದಂಡನೀತಿಗಳ ಪಕ್ಕದಲ್ಲಿಟ್ಟು ತೂಗಿತು. ಕ್ರೈಸ್ತ ಯೂರೋಪು ಯೆಹೂದ್ಯರ ಧರ್ಮವನ್ನು ಕಣ್ಣಿಗೆ ಕಣ್ಣೆಂಬ ಕ್ರೌರ್ಯದ ಧರ್ಮವೆಂದು ನಿಂದಿಸುತ್ತಿದ್ದ ಕಾಲವದು. ಯೇಸುವಿನ ವಿಚಾರಣೆಯನ್ನು ಮುಂದುಮಾಡಿ ಇಡೀ ಜನಾಂಗದ ಮೇಲೆ ಕೊಲೆಯ ಹೊರೆಯನ್ನು ಹೊರಿಸುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಆ ನಿಂದೆಯನ್ನು ಎದುರಿಸಿ ನಿಂತವರು ಈ ನಿಯಮಗಳ ಮೃದುತ್ವವನ್ನು ಎತ್ತಿ ತೋರಿಸಿದುದು ಸಹಜ. ಅದನ್ನು ನಾವು ಹಗುರವಾಗಿ ಕಾಣಲಾಗದು. ಆದರೆ ಆಂಗ್ಲಿಕನ್ ಪಾದ್ರಿಯೂ ಹೀಬ್ರೂ ಪಂಡಿತನೂ ಆಗಿದ್ದ ಹರ್ಬರ್ಟ್ ಡ್ಯಾನ್‌ಬಿ, 1919ರಲ್ಲಿ ‘ಸನ್ಹೆದ್ರಿನ್’ ಪ್ರಕರಣವನ್ನು ಇಂಗ್ಲಿಷಿಗೆ ತಂದವನು, ಮಿಶ್ನಾದ ನಿಯಮಗಳು ಯೇಸುವಿನ ಕಾಲದ ನ್ಯಾಯಸಭೆಯ ವಾಸ್ತವ ನಡೆವಳಿಕೆಯಲ್ಲವೆಂದೂ, ಬಹುಮಟ್ಟಿಗೆ ಪಾಠಶಾಲೆಯ ಸಿದ್ಧಾಂತವೆಂದೂ ವಾದಿಸಿದನು. ಸುವಾರ್ತೆಗಳನ್ನು ಮಿಶ್ನಾದಿಂದ ಅಳೆಯುವ, ನಿಂದಕರ ಮತ್ತು ಸಮರ್ಥಕರ, ಎರಡೂ ಪಕ್ಷಗಳ ವಾದವು ಅಲ್ಲಿಂದ ಸಡಿಲವಾಯಿತು.

ನಿಜವಾದ ತಿರುವು ಬಂದುದು ಈಜಿಪ್ಟಿನಿಂದ. 1896–97ರ ಚಳಿಗಾಲದಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸನು ಕೈರೋ ನಗರದ ಹಳೆಯ ಸಿನಗಾಗಿನ ಗೆನೀಝಾದಿಂದ, ಎಂದರೆ ಸವೆದ ಪವಿತ್ರಗ್ರಂಥಗಳನ್ನು ತುಂಬಿಡುತ್ತಿದ್ದ ಕೋಣೆಯಿಂದ, ಕೇಂಬ್ರಿಜ್ಜಿಗೆ ಸಾಗಿಸಿದ ಹಸ್ತಪ್ರತಿಗಳ ರಾಶಿಯಲ್ಲಿ ಅಜ್ಞಾತ ಪಂಥವೊಂದರ ನಿಯಮಾವಳಿ ದೊರೆಯಿತು. 1910ರಲ್ಲಿ ಅವನು ಅದನ್ನು ಪ್ರಕಟಿಸಿದನು. ಇಂದು ಅದನ್ನು ‘ದಮಸ್ಕ ದಸ್ತಾವೇಜು’ ಎನ್ನುತ್ತಾರೆ. ನಾಲ್ಕು ದಶಕಗಳ ಬಳಿಕ ಮೃತಸಮುದ್ರದ ತೀರದ ಕುಮ್ರಾನಿನ ಗುಹೆಗಳಲ್ಲಿ ಅದರದೇ ಪ್ರಾಚೀನ ತುಣುಕುಗಳು ದೊರೆತು, ಆ ಪಂಥವು ಮಿಶ್ನಾಕ್ಕಿಂತ ಹಿಂದಿನದೆಂಬುದು ಸ್ಥಿರಪಟ್ಟಿತು. ಅದರಲ್ಲಿ ಸಾಕ್ಷ್ಯದ ಬಗೆಗೆ ವಿಲಕ್ಷಣವಾದ ವಿಧಿಯೊಂದಿದೆ. ಒಬ್ಬನು ಪ್ರಾಣಾಪರಾಧವೆಸಗಿದುದನ್ನು ಒಬ್ಬನೇ ಕಂಡಿದ್ದರೆ, ಅವನು ಆರೋಪಿಯ ಎದುರಿನಲ್ಲಿಯೇ ಅದನ್ನು ಪಂಥದ ಮೇಲ್ವಿಚಾರಕನಿಗೆ ಅರಿಕೆಮಾಡಬೇಕು, ಮೇಲ್ವಿಚಾರಕನು ಸ್ವಹಸ್ತದಿಂದ ಬರೆದಿಡಬೇಕು. ಅದೇ ಅಪರಾಧವು ಇನ್ನೊಮ್ಮೆ, ಮತ್ತೊಮ್ಮೆ ಬೇರೆಬೇರೆ ಒಂಟಿ ಸಾಕ್ಷಿಗಳ ಕಣ್ಣಿಗೆ ಬಿದ್ದರೆ, ಆ ಬರಹಗಳನ್ನೆಲ್ಲ ಕೂಡಿಸಿ ತೀರ್ಪು ಪೂರ್ಣವಾಗುತ್ತದೆ.

ಲಾರೆನ್ಸ್ ಶಿಫ್‌ಮನ್ನರು ಈ ಪಂಥದ ನ್ಯಾಯಸಭೆ, ಸಾಕ್ಷ್ಯ ಮತ್ತು ದಂಡಗಳನ್ನು ಕುರಿತು 1983ರಲ್ಲಿ ಹೊರತಂದ ಅಧ್ಯಯನವು ಈ ಹೋಲಿಕೆಯನ್ನು ಗಟ್ಟಿಯಾದ ನೆಲೆಯ ಮೇಲೆ ನಿಲ್ಲಿಸಿತು. ರಬ್ಬಿಗಳ ಮಾರ್ಗ ಇದಕ್ಕೆ ತೀರ ವಿರುದ್ಧವಾದುದು: ಇಬ್ಬರೂ ಒಂದೇ ಕೃತ್ಯವನ್ನು, ಒಂದೇ ಹೊತ್ತಿನಲ್ಲಿ ಕಂಡಿರಬೇಕು. ಇಬ್ಬರು ಈ ಕಿಟಕಿಯಿಂದಲೂ ಇನ್ನಿಬ್ಬರು ಆ ಕಿಟಕಿಯಿಂದಲೂ ಕಂಡರೆ, ಅವರು ಪರಸ್ಪರ ಕಾಣುತ್ತಿದ್ದರೋ ಇಲ್ಲವೋ ಎಂಬುದನ್ನು ಕೂಡ ‘ಮಕ್ಕೋತ್’ ವಿಚಾರಿಸುತ್ತದೆ. ಕುಮ್ರಾನಿನವರು ಮನುಷ್ಯನ ನಡತೆಗೆ ಕಡತವಿಟ್ಟರು. ರಬ್ಬಿಗಳು ಕಡತವನ್ನೊಪ್ಪದೆ, ಆ ಒಂದು ಗಳಿಗೆಯನ್ನು ಮಾತ್ರ ವಿಚಾರಣೆಗೆ ತಂದರು. ಬರಿಯ ಮಿಶ್ನಾವನ್ನೋದುವವರಿಗೆ ಅನಿವಾರ್ಯವೆಂದು ತೋರುತ್ತಿದ್ದುದು ಒಂದು ಆಯ್ಕೆಯೆಂದು ಗೊತ್ತಾದುದು ಈ ತುಣುಕುಗಳಿಂದ.

ಸ್ವಂತ ತಪ್ಪೊಪ್ಪಿಗೆಯಿಂದ ಯಾರನ್ನೂ ದಂಡಿಸಕೂಡದೆಂಬ ನಿಯಮದ ಇತಿಹಾಸವೂ ಸ್ವಾರಸ್ಯವಾದುದು. ಮಿಶ್ನಾದಲ್ಲಿ ಅಪರಾಧಿಯು ಒಪ್ಪಿಕೊಳ್ಳುವುದು ವಧಸ್ಥಾನದಿಂದ ಹತ್ತು ಮೊಳದ ದೂರದಲ್ಲಿ, ಪರಲೋಕದ ಪಾಲಿಗಾಗಿ. ನ್ಯಾಯಸಭೆಗೆ ಅದು ಪ್ರಮಾಣವಲ್ಲ. ಇದನ್ನು ಸೂತ್ರವಾಗಿ ನುಡಿದವನು ನಾಲ್ಕನೆಯ ಶತಮಾನದ ಬಾಬಿಲೋನಿನ ರಾವಾ. ಬಾಳು ಬೇಸತ್ತವನು ಮಾಡದ ತಪ್ಪನ್ನು ಒಪ್ಪಿಕೊಂಡಾನೆಂಬ ಮನಶ್ಶಾಸ್ತ್ರೀಯ ಕಾರಣವನ್ನು ಸೂಚಿಸಿದವನು ಹನ್ನೆರಡನೆಯ ಶತಮಾನದ ಮೈಮೊನಿಡೀಸ್. ನಾರ್ಮನ್ ಲಾಮ್ ಎಂಬ ರಬ್ಬಿಯು 1956ರಲ್ಲಿ ಈ ಕುರಿತು ಬರೆದ ಲೇಖನವನ್ನೂ ಮೈಮೊನಿಡೀಸನ ಮಾತನ್ನೂ ಅಮೆರಿಕದ ಸುಪ್ರೀಂ ಕೋರ್ಟು ಪೊಲೀಸ್ ವಿಚಾರಣೆಯಲ್ಲಿನ ತಪ್ಪೊಪ್ಪಿಗೆಯನ್ನು ಕುರಿತ 1966ರ ಮಿರಾಂಡಾ ತೀರ್ಪಿನ ಅಡಿಟಿಪ್ಪಣಿಯಲ್ಲಿ ಸ್ಮರಿಸಿತು.

ಆಮೇಲಿನ ತಲೆಮಾರು ಕಾರುಣ್ಯದ ಮಾತನ್ನೇ ಸಂಶಯದಿಂದ ಕಂಡಿತು. ಜೇಕಬ್ ನ್ಯೂಸ್ನರ್ 1981ರಲ್ಲಿ, ಮಿಶ್ನಾವು ದೇವಾಲಯವಳಿದ ಜನರು ಮನಸ್ಸಿನಲ್ಲಿ ಕಟ್ಟಿಕೊಂಡ ಆದರ್ಶಲೋಕವೆಂದರು. ಬೆತ್ ಬರ್ಕೋವಿಟ್ಸ್ 2006ರಲ್ಲಿ ಇನ್ನೂ ಮುಂದೆ ಹೋಗಿ, ವಧೆಯ ವರ್ಣನೆಗಳಿಂದಲೇ ರಬ್ಬಿಗಳು ತಮಗಿಲ್ಲದ ಅಧಿಕಾರವನ್ನು ರೂಪಿಸಿಕೊಂಡರೆಂದು ವಾದಿಸಿದರು. ಅವರ ವಾದಕ್ಕೆ ಬಲವುಂಟು: ಶಿರಚ್ಛೇದವನ್ನು ರೋಮನ್ ಸರಕಾರ ಮಾಡುವಂತೆ ಕತ್ತಿಯಿಂದ ಮಾಡತಕ್ಕದ್ದೆಂದು ಮಿಶ್ನಾ ಹೇಳುವಾಗ, ಸೋತವರ ಕಣ್ಣು ಗೆದ್ದವರ ಕಡೆಗೇ ನೆಟ್ಟಿರುವುದು ಸ್ಪಷ್ಟ. ದೆವೋರಾ ಸ್ಟೈನ್‌ಮೆಟ್ಸ್ 2008ರಲ್ಲಿ ಎಚ್ಚರಿಕೆಯ ನಿಯಮವನ್ನು ಬೇರೊಂದು ಬಗೆಯಲ್ಲಿ ವಿವರಿಸಿದರು: ಅರಿತು ಆಜ್ಞೆಯನ್ನು ಮೀರುವ ಸ್ವತಂತ್ರ ಕರ್ತೃವನ್ನಷ್ಟೇ ಈ ಧರ್ಮವು ದಂಡಾರ್ಹನೆಂದೆಣಿಸುತ್ತದೆ. ಖಾಯಾ ಹಾಲ್ಬರ್‌ಸ್ಟಾಮ್ 2010ರಲ್ಲಿ, ಸತ್ಯವು ನ್ಯಾಯಸಭೆಗೆ ಪೂರ್ತಿಯಾಗಿ ದಕ್ಕದೆಂಬ ಅಳುಕನ್ನೇ ರಬ್ಬಿಗಳ ಬರಹದಲ್ಲಿ ಗುರುತಿಸಿದರು. ಅಧಿಕಾರದ ಆಸೆಯೊಂದನ್ನೇ ಹಿಡಿದು ನೋಡಿದರೆ ಏಳು ಪ್ರಶ್ನೆಗಳಿಗೂ ಕಾದು ನಿಂತ ಕುದುರೆಗೂ ಅರ್ಥ ಸಾಲದೆಂದು ನನಗನ್ನಿಸುತ್ತದೆ. ಮಿಶ್ನಾದ ಪ್ರಕಾರ, ಕಲ್ಲೆಸೆಯುವ ಶಿಕ್ಷೆಯಲ್ಲಿ ಅಪರಾಧಿಯನ್ನು ಎತ್ತರದಿಂದ ನೂಕತಕ್ಕವನು ಮೊದಲನೆಯ ಸಾಕ್ಷಿ. ಆಗಲೂ ಸಾಯದಿದ್ದರೆ ಎದೆಯ ಮೇಲೆ ಕಲ್ಲು ಬಿಡತಕ್ಕವನು ಎರಡನೆಯ ಸಾಕ್ಷಿ. ಸಂಬಳದ ವಧಕನ ಮರೆಯಲ್ಲಿ ಸಾಕ್ಷಿಯ ಮಾತು ಅಡಗಲಾರದ ಈ ಏರ್ಪಾಡು ಅಧಿಕಾರವನ್ನು ಹಿಗ್ಗಿಸುವುದಕ್ಕಿಂತ ಕುಗ್ಗಿಸುವುದೇ ಹೆಚ್ಚು.

ಏಳು ವರ್ಷಕ್ಕೊಮ್ಮೆ ವಧೆ ವಿಧಿಸುವ ಸಭೆಯು ವಿನಾಶಕಾರಿಯೆನಿಸುವುದೆಂದು ‘ಮಕ್ಕೋತ್’ನ ಮೊದಲನೆಯ ಅಧ್ಯಾಯದ ಕೊನೆಯಲ್ಲಿದೆ, ಎಪ್ಪತ್ತು ವರ್ಷಕ್ಕೊಮ್ಮೆಯಾದರೂ ಹಾಗೆಯೇ ಎನ್ನುವನು ಎಲಾಝಾರ್ ಬೆನ್ ಅಝರ್ಯಾ, ತಾವಿದ್ದಿದ್ದರೆ ಯಾರೂ ಎಂದೂ ಸಾಯುತ್ತಿರಲಿಲ್ಲವೆನ್ನುವರು ತರ್ಫೋನ್ ಮತ್ತು ಅಕಿವಾ. ಕಾರುಣ್ಯಪಕ್ಷದವರು ಬಹಳ ವೇಳೆ ಅಲ್ಲಿಗೇ ನಿಲ್ಲಿಸುತ್ತಾರೆ. ಮಿಶ್ನಾ ನಿಲ್ಲಿಸುವುದಿಲ್ಲ. ಅಂಥವರಿಂದಲೇ ಇಸ್ರೇಲಿನಲ್ಲಿ ಕೊಲೆಗಡುಕರು ಹೆಚ್ಚುತ್ತಿದ್ದರೆಂದು ಶಿಮೋನ್ ಬೆನ್ ಗಮ್ಲಿಯೇಲನು ಆಕ್ಷೇಪಿಸುವನು. ಆ ಆಕ್ಷೇಪಕ್ಕೆ ಸಂಹಿತೆಯು ಉತ್ತರವನ್ನು ಕೊಡದೆ, ಅದರೊಡನೆಯೇ ಅಧ್ಯಾಯವನ್ನು ಮುಗಿಸುತ್ತದೆ.