ತಾಳ ತಪ್ಪಿದ್ದು ಎಷ್ಟು ಮಿಲಿಸೆಕೆಂಡ್?

ರಿದಮ್ ಗೇಮ್ ಎಂದರೆ ಹಾಡಿನ ಲಯ ಹಿಡಿದು ಬಟನ್ ಒತ್ತುವ, ಹೆಜ್ಜೆ ಇಡುವ ಇಲ್ಲವೇ ಡೋಲು ಬಡಿಯುವ ವಿಡಿಯೊ ಆಟ. ಪರದೆಯ ಮೇಲೆ ಚಿಹ್ನೆಗಳು ಸರಿದು ಬರುತ್ತವೆ. ಚಿಹ್ನೆ ಗೊತ್ತಾದ ಗೆರೆ ಮುಟ್ಟುವ ಗಳಿಗೆಗೆ ಸರಿಯಾಗಿ ಕೈ ಬೀಳಬೇಕು. ಈ ಚಿಹ್ನೆಗೆ ನೋಟ್ ಎಂದು ಹೆಸರು. ಕೈ ಬಿದ್ದೊಡನೆ ‘ಪರ್ಫೆಕ್ಟ್’, ‘ಗ್ರೇಟ್’, ‘ಗುಡ್’, ‘ಮಿಸ್’ ಎಂಬಂಥ ತೀರ್ಪು ಪರದೆಯಲ್ಲಿ ಮೂಡುತ್ತದೆ. ಹಾಡು ಮುಗಿದಾಗ ಎಲ್ಲ ತೀರ್ಪುಗಳ ಲೆಕ್ಕ ಕೂಡಿ ಎ, ಬಿ, ಸಿ ಎಂದು ಒಂದು ದರ್ಜೆ ಸಿಗುತ್ತದೆ; ಆಟಗಾರರ ಮಾತಿನಲ್ಲಿ ಅದು ರ‍್ಯಾಂಕ್. ಭಜನೆಯಲ್ಲಿ ಒಬ್ಬರ ತಾಳ ಕೊಂಚ ಹಿಂದೆಮುಂದಾದರೆ ಉಳಿದವರ ತಾಳ ಅದನ್ನು ತನ್ನೊಳಗೆ ಸೇರಿಸಿಕೊಂಡು ಸಾಗುತ್ತದೆ. ಯಂತ್ರಕ್ಕೆ ಆ ಔದಾರ್ಯವಿಲ್ಲ. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಾದ ಮಿಲಿಸೆಕೆಂಡಿನಲ್ಲಿ ಅಳೆದು ಹೇಳುತ್ತದೆ.

ಈ ಬಗೆಯ ಆಟಗಳು ಬೆಳೆದದ್ದು ಜಪಾನಿನಲ್ಲಿ. 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಪರಾಪ್ಪಾ ದ ರ‍್ಯಾಪರ್’ ಆಟಗಾರನನ್ನು ಕೂಲ್, ಗುಡ್, ಬ್ಯಾಡ್, ಆಫುಲ್ ಎಂಬ ನಾಲ್ಕು ಮೆಟ್ಟಿಲುಗಳ ನಡುವೆ ಏರಿಳಿಸುತ್ತಿತ್ತು. 1997ರಲ್ಲಿ ಕೊನಾಮಿ ಕಂಪನಿಯು ಐದು ಕೀಲಿ ಮತ್ತು ಡಿಜೆಗಳು ತಿರುಗಿಸುವಂಥ ಒಂದು ತಟ್ಟೆಯಿದ್ದ ‘ಬೀಟ್‌ಮೇನಿಯಾ’ ಯಂತ್ರವನ್ನು ಆಟದಂಗಡಿಗಳಿಗೆ ತಂದಿತು. ಮರುವರ್ಷ ಅದೇ ಕಂಪನಿಯ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಬಂತು. ಅಲ್ಲಿ ಕಾಲೇ ಕೈ. 2001ರಲ್ಲಿ ನಾಮ್ಕೋ ಕಂಪನಿಯ ಡೋಲಿನ ಆಟ ‘ತೈಕೊ ನೊ ತತ್ಸುಜಿನ್’, 2005ರಲ್ಲಿ ಅಮೆರಿಕದ ‘ಗಿಟಾರ್ ಹೀರೊ’, 2007ರಲ್ಲಿ ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ ರೂಪಿಸಿ ಕಂಪ್ಯೂಟರಿಗೆ ಉಚಿತವಾಗಿ ಬಿಟ್ಟ ‘ಒಸು’ ಹೊರಬಂದವು. ತೀರ್ಪು ನೀಡುವ ಕ್ರಮವನ್ನು ತಿಳಿಯಲು ಬೀಟ್‌ಮೇನಿಯಾದ ಮುಂದಿನ ರೂಪವಾಗಿ 1999ರಲ್ಲಿ ಏಳು ಕೀಲಿಗಳೊಂದಿಗೆ ಬಂದ ‘ಬೀಟ್‌ಮೇನಿಯಾ ಟು ಡಿಎಕ್ಸ್’ ಮತ್ತು ಒಸು, ಇವೆರಡೇ ಬಹುಮಟ್ಟಿಗೆ ಸಾಕು. ಒಂದೇ ಲೆಕ್ಕದಿಂದ ಹೊರಟು ಇವೆರಡೂ ತೀರಾ ಬೇರೆಬೇರೆ ನ್ಯಾಯಕ್ಕೆ ತಲುಪುತ್ತವೆ.

ಆ ಲೆಕ್ಕ ಬರಿಯ ಕಳೆಯುವ ಲೆಕ್ಕ. ಪ್ರತಿ ಹಾಡಿಗೂ ಒಂದು ಚಾರ್ಟ್ ಇರುತ್ತದೆ. ಹಾಡು ಶುರುವಾದ ಎಷ್ಟು ಹೊತ್ತಿಗೆ ಯಾವ ನೋಟ್ ಬರಬೇಕು ಎಂಬ ಪಟ್ಟಿ ಅದರಲ್ಲಿದೆ. ನಿಮಿಷಕ್ಕೆ 150 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟಿನಿಂದ ಇನ್ನೊಂದಕ್ಕೆ 400 ಮಿಲಿಸೆಕೆಂಡ್. ಅದನ್ನು ನಾಲ್ಕಾಗಿ ಒಡೆದರೆ ನೋಟ್‌ಗಳ ನಡುವೆ 100 ಮಿಲಿಸೆಕೆಂಡ್. ಬಟನ್ ಒತ್ತಿದ ಸಮಯದಿಂದ ನೋಟಿನ ನಿಗದಿತ ಸಮಯವನ್ನು ಕಳೆದಾಗ ಉತ್ತರ ಸೊನ್ನೆ ಬಂದರೆ ಒತ್ತಿದ್ದು ಕರಾರುವಾಕ್ಕು. ಋಣ ಬಂದರೆ ಬೇಗ ಒತ್ತಿದಂತೆ, ಧನ ಬಂದರೆ ತಡವಾದಂತೆ. ತೀರ್ಪಿಗೆ ಬೇಕಾದದ್ದು ಈ ಒಂದು ಸಂಖ್ಯೆ ಮಾತ್ರ. ಒಸುವಿನಂಥ ಆಟದಲ್ಲಿ ಮೌಸ್ ಬಾಣ ವೃತ್ತದೊಳಗೆ ಇದೆಯೇ ಎಂದೂ ನೋಡಬೇಕು, ಆದರೆ ಅದಕ್ಕೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ.

ಸೊನ್ನೆಯ ಎರಡೂ ಬದಿಗೆ ಎಷ್ಟು ದೂರದವರೆಗೆ ಯಾವ ತೀರ್ಪು ಎಂಬುದನ್ನು ಗೊತ್ತುಮಾಡುವ ಅವಧಿಗೆ ಟೈಮಿಂಗ್ ವಿಂಡೊ ಎನ್ನುತ್ತಾರೆ. ಟು ಡಿಎಕ್ಸ್‌ನಲ್ಲಿ ಅತ್ಯುತ್ತಮ ತೀರ್ಪಾದ ಮಿನುಗುವ ‘ಗ್ರೇಟ್’ ಸಿಗಲು ಹಿಂದೆಮುಂದೆ 16.67 ಮಿಲಿಸೆಕೆಂಡಿನೊಳಗೆ ಒತ್ತಬೇಕು. ಮಿನುಗದ ಸಾದಾ ‘ಗ್ರೇಟ್’ 33.33ರವರೆಗೆ, ‘ಗುಡ್’ ಸುಮಾರು 117ರವರೆಗೆ, ‘ಬ್ಯಾಡ್’ ಕಾಲು ಸೆಕೆಂಡಿನವರೆಗೆ. ಮೊದಲ ಎರಡು ಅಂಕಿಗಳ ಮೂಲ ಪರದೆಯಲ್ಲಿದೆ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ಚಿತ್ರ, ಅಂದರೆ ಒಂದು ಫ್ರೇಮ್, ನಿಲ್ಲುವುದು 16.67 ಮಿಲಿಸೆಕೆಂಡ್. ಒಂದು ಫ್ರೇಮಿನಷ್ಟು ತಪ್ಪಿದರೆ ಅತ್ಯುತ್ತಮ, ಎರಡು ಫ್ರೇಮ್ ತಪ್ಪಿದರೆ ಅದರ ಕೆಳಗಿನದು. ಇದಕ್ಕೆ ಹೋಲಿಸಿದರೆ ತೈಕೊ ಸರಳ. ಅದರಲ್ಲಿ ತೀರ್ಪುಗಳು ಮೂರೇ, ನಡುವಿನ ತೀರ್ಪಿಗೆ ಅರ್ಧ ಅಂಕ.

ಒಸು ಈ ಅಗಲವನ್ನು ಹಾಡಿನಿಂದ ಹಾಡಿಗೆ ಬದಲಿಸುತ್ತದೆ. ಚಾರ್ಟ್ ರಚಿಸಿದವರು 0ಯಿಂದ 10ರವರೆಗೆ ಒಂದು ಕಾಠಿಣ್ಯದ ಅಂಕಿ ಕೊಡುತ್ತಾರೆ. ಆ ಅಂಕಿಯನ್ನು 6ರಿಂದ ಗುಣಿಸಿ 80ರಿಂದ ಕಳೆದರೆ ಪೂರ್ಣ 300 ಅಂಕದ ವಿಂಡೊ ಸಿಗುತ್ತದೆ. 8ರಿಂದ ಗುಣಿಸಿ 140ರಿಂದ ಕಳೆದರೆ 100 ಅಂಕದ್ದು. 10ರಿಂದ ಗುಣಿಸಿ 200ರಿಂದ ಕಳೆದರೆ 50 ಅಂಕದ್ದು. ಕಾಠಿಣ್ಯ 5 ಆಗಿದ್ದರೆ ಈ ಮೂರು 50, 100, 150 ಮಿಲಿಸೆಕೆಂಡ್. ಕಾಠಿಣ್ಯ 10ಕ್ಕೆ ಏರಿದರೆ 20, 60, 100. ಕೆಳಗಿನ ಮಟ್ಟದಲ್ಲಿ ನಿಶ್ಚಿಂತೆಯಿಂದ ಪೂರ್ಣಾಂಕ ಗಳಿಸುತ್ತಿದ್ದ ಕೈಗೆ ಅದೇ ಹಾಡು ಮೇಲಿನ ಮಟ್ಟದಲ್ಲಿ ಮೂರರಲ್ಲೊಂದು ಪಾಲು ಅಂಕ ಕೊಡುವುದು ಈ ಕಾರಣಕ್ಕೆ.

ವೇಗದ ಹಾಡುಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ನೋಟ್‌ಗಳ ನಡುವೆ 100 ಮಿಲಿಸೆಕೆಂಡ್ ಇದ್ದು ವಿಂಡೊ ಎರಡೂ ಬದಿಗೆ ಅದಕ್ಕಿಂತ ಅಗಲವಾಗಿದ್ದರೆ ಒಂದೇ ಒತ್ತು ಎರಡು ನೋಟ್‌ಗಳಿಗೂ ಸಲ್ಲಬಹುದು. ಆಟಗಳು ಸಾಮಾನ್ಯವಾಗಿ ಇನ್ನೂ ತೀರ್ಪು ಬರೆಯದ ನೋಟ್‌ಗಳಲ್ಲಿ ಮೊದಲಿನದಕ್ಕೆ ಅದನ್ನು ಜಮೆ ಮಾಡುತ್ತವೆ. ಹೀಗಾಗಿ ಒಂದು ನೋಟ್ ಬಿಟ್ಟುಹೋದರೆ ಮುಂದಿನ ಒತ್ತು ಹಳೆಯ ನೋಟಿಗೆ ಜಮೆಯಾಗಿ, ಅದರ ಮುಂದಿನದು ಮತ್ತೆ ಹಿಂದಿನದಕ್ಕೆ ಜಮೆಯಾಗಿ, ಒಂದು ತಪ್ಪು ಸರಪಳಿಯಂತೆ ನಾಲ್ಕಾರಕ್ಕೆ ಹಬ್ಬುವುದುಂಟು. ನೋಟೇ ಇಲ್ಲದಾಗ ಒತ್ತಿದರೆ ಏನು ಎಂಬುದಕ್ಕೂ ಒಂದೇ ನಿಯಮವಿಲ್ಲ. ಗಿಟಾರ್ ಹೀರೊದಲ್ಲಿ ಅನಗತ್ಯವಾಗಿ ಮೀಟಿದರೆ ತಪ್ಪಿಲ್ಲದ ಹೊಡೆತಗಳ ಸರಣಿ ಮುರಿಯುತ್ತದೆ. ಟು ಡಿಎಕ್ಸ್‌ನಲ್ಲಿ ‘ಪೂರ್’ ಎಂಬ ತೀರ್ಪು ಬಂದು, ಹಾಡು ಪಾಸಾಯಿತೇ ಎಂದು ನಿರ್ಧರಿಸುವ ಗೇಜ್ ಇಳಿಯುತ್ತದೆ. ಒಸುವಿನ ಮುಖ್ಯ ಆಟ ಖಾಲಿ ಜಾಗದ ಕ್ಲಿಕ್ಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒತ್ತಿ ಹಿಡಿಯಬೇಕಾದ ಉದ್ದನೆಯ ನೋಟ್‌ಗಳಲ್ಲೂ ಆಟದಿಂದ ಆಟಕ್ಕೆ ವ್ಯತ್ಯಾಸವಿದೆ. ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್‌ನಲ್ಲಿ ಕೊನೆಯವರೆಗೆ ಕಾಲು ಎತ್ತದಿದ್ದರೆ ಸಾಕು. ಟು ಡಿಎಕ್ಸ್‌ನ ಚಾರ್ಜ್ ನೋಟ್‌ಗಳಲ್ಲಿ ಬೆರಳು ಎತ್ತಿದ ಸಮಯಕ್ಕೂ ಬೇರೆಯದೇ ತೀರ್ಪು ಇದೆ.

ಇಲ್ಲಿಯವರೆಗಿನದು ಅಳತೆಯ ಮಾತು. ರ‍್ಯಾಂಕ್ ಬರುವುದು ಬೆಲೆ ಕಟ್ಟುವುದರಿಂದ, ಮತ್ತು ಆಟದ ಸ್ವಭಾವ ಗೊತ್ತಾಗುವುದೂ ಅಲ್ಲೇ. ಟು ಡಿಎಕ್ಸ್‌ನ ಇಎಕ್ಸ್ ಸ್ಕೋರ್ ಪದ್ಧತಿ ತೀರಾ ಸರಳ: ಮಿನುಗುವ ಗ್ರೇಟ್‌ಗೆ 2, ಸಾದಾ ಗ್ರೇಟ್‌ಗೆ 1, ಉಳಿದದ್ದಕ್ಕೆಲ್ಲ ಸೊನ್ನೆ. ಸಾವಿರ ನೋಟ್‌ಗಳ ಹಾಡಿಗೆ ಗರಿಷ್ಠ 2000. ಈ ಗರಿಷ್ಠವನ್ನು ಒಂಬತ್ತು ಪಾಲು ಮಾಡಿ, ಎಂಟು ಪಾಲು ಗಳಿಸಿದರೆ ಟ್ರಿಪಲ್ ಎ, ಏಳಕ್ಕೆ ಡಬಲ್ ಎ, ಆರಕ್ಕೆ ಎ, ಐದಕ್ಕೆ ಬಿ, ನಾಲ್ಕಕ್ಕೆ ಸಿ ಎಂದು ಇಳಿಯುತ್ತದೆ. ಹಾಗಾಗಿ 2000ದಲ್ಲಿ 1778 ಬಂದರೆ ಟ್ರಿಪಲ್ ಎ. ಈಗ ಸಾವಿರಕ್ಕೆ ಸಾವಿರ ನೋಟನ್ನೂ ಸಾದಾ ಗ್ರೇಟ್‌ನಲ್ಲಿ ಹೊಡೆದ ಒಬ್ಬ ಆಟಗಾರನನ್ನು ಊಹಿಸಬಹುದು. ಒಂದೂ ತಪ್ಪಿಲ್ಲ, ಯಾವ ನೋಟೂ ಸೆಕೆಂಡಿನ ಮೂವತ್ತರಲ್ಲೊಂದು ಪಾಲಿಗಿಂತ ಹೆಚ್ಚು ಕದಲಿಲ್ಲ. ಆದರೂ ಗಳಿಕೆ 1000, ಒಂಬತ್ತರಲ್ಲಿ ನಾಲ್ಕೂವರೆ ಪಾಲು, ದರ್ಜೆ ಸಿ.

ಒಸುವಿನಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ ಇದರ ಎದುರು ದಿಕ್ಕಿಗೆ ನಡೆಯುತ್ತದೆ. ಎಲ್ಲವೂ 300 ಆದರೆ ಡಬಲ್ ಎಸ್. ಶೇಕಡಾ 90ಕ್ಕಿಂತ ಹೆಚ್ಚು ನೋಟ್ 300 ಆಗಿ, 50 ಬಂದವು ಶೇಕಡಾ ಒಂದನ್ನು ಮೀರದೆ, ಮಿಸ್ ಒಂದೂ ಇಲ್ಲದಿದ್ದರೆ ಎಸ್. ಶೇಕಡಾ 80ಕ್ಕಿಂತ ಹೆಚ್ಚು 300 ಇದ್ದು ಮಿಸ್ ಇಲ್ಲದಿದ್ದರೆ, ಇಲ್ಲವೇ ಮಿಸ್ ಇದ್ದೂ ಶೇಕಡಾ 90ನ್ನು ದಾಟಿದ್ದರೆ ಎ. ಅಂದರೆ 999 ನೋಟ್‌ಗಳಿಗೆ ಪೂರ್ಣಾಂಕ ಪಡೆದು ಒಂದನ್ನು ಬಿಟ್ಟವನಿಗೆ ಎ ಮಾತ್ರ. 910 ನೋಟ್‌ಗಳಿಗೆ 300 ಪಡೆದು, 90 ನೋಟ್‌ಗಳಿಗೆ 100 ಪಡೆದವನಿಗೆ ಎಸ್. ಟು ಡಿಎಕ್ಸ್ ನಿಖರತೆಗೆ ಬೆಲೆ ಕೊಟ್ಟರೆ ಒಸು ಕಡಿಯದ ಸರಣಿಗೆ ಬೆಲೆ ಕೊಡುತ್ತದೆ. ಒಂದೇ ಅಕ್ಷರ ಎರಡು ಆಟಗಳಲ್ಲಿ ಒಂದೇ ಸಾಮರ್ಥ್ಯವನ್ನು ಹೇಳುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಈ ಸರಣಿಗೆ ಕಾಂಬೊ ಎಂದು ಹೆಸರು. ತಪ್ಪಿಲ್ಲದೆ ಸಾಲಾಗಿ ಹೊಡೆದ ನೋಟ್‌ಗಳ ಎಣಿಕೆ ಅದು. ಒಸುವಿನ ಹಳೆಯ ಸ್ಕೋರಿನಲ್ಲಿ ಪ್ರತಿ ನೋಟಿನ ಅಂಕವನ್ನೂ ಆ ಹೊತ್ತಿನ ಕಾಂಬೊ ಹಿಗ್ಗಿಸುತ್ತದೆ. ಅದರಿಂದ ಒಟ್ಟು ಅಂಕ ನೋಟ್‌ಗಳ ವರ್ಗದಂತೆ ಬೆಳೆಯುತ್ತದೆ. ಹಾಡಿನ ನಟ್ಟನಡುವೆ ಒಂದು ಮಿಸ್ ಆದರೆ ಕಾಂಬೊ ಸೊನ್ನೆಗೆ ಬಿದ್ದು ಒಟ್ಟು ಅಂಕ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದೇ ಮಿಸ್ ಮೊದಲ ನೋಟಿನಲ್ಲೋ ಕಡೆಯ ನೋಟಿನಲ್ಲೋ ಆದರೆ ನಷ್ಟ ಅತ್ಯಲ್ಪ. ತಪ್ಪು ಒಂದೇ, ಶಿಕ್ಷೆ ಮಾತ್ರ ಅದು ಬಿದ್ದ ಜಾಗವನ್ನು ನೋಡಿಕೊಂಡು ಬರುತ್ತದೆ. ಆಟದ ರೋಮಾಂಚನಕ್ಕೆ ಇದು ಒಳ್ಳೆಯದು. ಕಾಂಬೊ ದೊಡ್ಡದಾದಂತೆ ಎದೆ ಬಡಿತವೂ ಏರುತ್ತದೆ. ಆದರೆ ಇಬ್ಬರ ಲಯಜ್ಞಾನವನ್ನು ಹೋಲಿಸಲು ಇಎಕ್ಸ್ ಸ್ಕೋರಿನಂಥ ನೇರ ಎಣಿಕೆಯೇ ಹೆಚ್ಚು ನ್ಯಾಯವಾದದ್ದು. ಯಾವ ತೀರ್ಪಿನಿಂದ ಕಾಂಬೊ ಕಡಿಯಬೇಕು ಎಂಬುದೂ ಆಟದ ನಿರ್ಧಾರವೇ. ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್‌ನ ಆರಂಭದ ಆವೃತ್ತಿಗಳಲ್ಲಿ ‘ಗುಡ್’ ಬಂದರೂ ಕಾಂಬೊ ಕಡಿಯುತ್ತಿತ್ತು, ಮುಂದೆ ಆ ನಿಯಮ ಸಡಿಲವಾಯಿತು.

ರ‍್ಯಾಂಕ್ ಒಂದು ಪ್ರಶ್ನೆಯಾದರೆ ಹಾಡನ್ನು ಪಾಸು ಮಾಡಿದ್ದಾಯಿತೇ ಎಂಬುದು ಇನ್ನೊಂದು. ಅದಕ್ಕೆ ಗೇಜ್ ಎಂಬ ಪಟ್ಟಿಯಿದೆ. ಒಳ್ಳೆಯ ತೀರ್ಪಿಗೆ ಏರಿ, ಕೆಟ್ಟದ್ದಕ್ಕೆ ಇಳಿಯುತ್ತದೆ. ಟು ಡಿಎಕ್ಸ್‌ನ ಸಾಮಾನ್ಯ ಗೇಜ್ ಹಾಡಿನ ಕೊನೆಗೆ ಶೇಕಡಾ 80ರಲ್ಲೋ ಅದಕ್ಕೂ ಮೇಲೋ ಇರಬೇಕು. ನಡುವೆ ಎಷ್ಟು ಕುಸಿದರೂ ಕೊನೆಯಲ್ಲಿ ಏರಿದರೆ ಸಾಕು. ಕೊನೆಯ ಕೆಲವು ಸಾಲುಗಳಲ್ಲಿ ಎಡವಿದರೆ ಅಷ್ಟು ಹೊತ್ತಿನ ಚೆಂದದ ಆಟವೂ ನೆರವಿಗೆ ಬರುವುದಿಲ್ಲ. ಹಾರ್ಡ್ ಗೇಜ್ 100ರಿಂದ ಶುರುವಾಗಿ, ಸೊನ್ನೆ ಮುಟ್ಟಿದೊಡನೆ ಆಟ ನಿಲ್ಲುತ್ತದೆ. ಹೀಗಾಗಿ ಡಬಲ್ ಎ ಬರುವಷ್ಟು ಅಂಕವಿದ್ದೂ ಹಾಡು ಫೇಲಾಗುವುದು ಸಾಧ್ಯ.

ಸಮಯವನ್ನು ಇಷ್ಟು ನವಿರಾಗಿ ಅಳೆಯದ ಆಟಗಳೂ ಇವೆ. ಗಿಟಾರ್ ಹೀರೊದಲ್ಲಿ ವಿಂಡೊದೊಳಗೆ ಎಲ್ಲಿ ಮೀಟಿದರೂ ಅಂಕ ಒಂದೇ. ಸರಣಿ ಉದ್ದವಾದಂತೆ ಅಂಕ ನಾಲ್ಕು ಪಟ್ಟಿನವರೆಗೆ ಏರುತ್ತದೆ, ಸ್ಟಾರ್ ಪವರ್ ಎಂಬ ವಿಶೇಷ ಬಲ ಬಳಸಿದರೆ ಎಂಟು ಪಟ್ಟಾಗುತ್ತದೆ, ಒಟ್ಟು ಅಂಕಕ್ಕೆ ತಕ್ಕಷ್ಟು ನಕ್ಷತ್ರಗಳು. 2018ರಲ್ಲಿ ಮೊದಲು ಬಿಡುಗಡೆಯಾದ ವಿಆರ್ ಆಟ ‘ಬೀಟ್ ಸೇಬರ್’ ಮಿಲಿಸೆಕೆಂಡಿಗೆ ಅಂಕವನ್ನೇ ಇಟ್ಟಿಲ್ಲ. ಅದರಲ್ಲಿ ನೋಟ್ ಆಗಿ ಬರುವ ಪೆಟ್ಟಿಗೆಯನ್ನು ಸೀಳುವ ಮುನ್ನ ಕೈ ಬೀಸಿದ ಕೋನಕ್ಕೆ 70, ಸೀಳಿದ ನಂತರ ಮುಂದುವರಿದ ಬೀಸಿಗೆ 30, ನಡುಮಧ್ಯಕ್ಕೆ ಎಷ್ಟು ಹತ್ತಿರ ಕತ್ತರಿಸಿತು ಎಂಬುದಕ್ಕೆ 15, ಒಟ್ಟು 115. ಅಲ್ಲಿ ರ‍್ಯಾಂಕ್ ಹೇಳುವುದು ಮೈ ಚಲನೆಯ ಅಂದವನ್ನು.

ಮಿಲಿಸೆಕೆಂಡ್ ಅಳೆಯುವ ಆಟಗಳಿಗೆ ಎಲ್ಲಕ್ಕಿಂತ ದೊಡ್ಡ ತೊಂದರೆ ಯಂತ್ರಗಳ ವಿಳಂಬ. ಸಂಗೀತ ಸ್ಪೀಕರಿನಿಂದ ಹೊರಬಂದು ಕಿವಿ ಸೇರಲು, ಚಿತ್ರ ಪರದೆಗೆ ಬರಲು, ಒತ್ತಿದ ಸುದ್ದಿ ಆಟಕ್ಕೆ ಮುಟ್ಟಲು ಹೊತ್ತು ಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸ್ಪೀಕರ್ ಏಳು ಮೀಟರ್ ದೂರವಿದ್ದರೆ ಅಲ್ಲೇ 20 ಮಿಲಿಸೆಕೆಂಡ್ ಹೋಯಿತು. ಹಳೆಯ ಡಬ್ಬಿ ಟಿವಿಗಳಲ್ಲಿ ಚಿತ್ರಕ್ಕೆ ತಡವೆಂಬುದು ಬಹುತೇಕ ಇರಲಿಲ್ಲ. ಚಿತ್ರವನ್ನು ಸಂಸ್ಕರಿಸಿ ತೋರಿಸುವ ಚಪ್ಪಟೆ ಟಿವಿಗಳು ಬಂದಮೇಲೆ ಮನೆಯೊಳಗಿನ ಆಟಗಾರರಿಗೆ ಇದು ನಿಜವಾದ ಸಮಸ್ಯೆಯಾಯಿತು. ಬ್ಲೂಟೂತ್ ಇಯರ್‌ಫೋನ್ ಸೇರಿಸುವ ವಿಳಂಬ ನೂರು ಮಿಲಿಸೆಕೆಂಡನ್ನೂ ಮೀರಬಹುದು. ಅಷ್ಟರಲ್ಲಿ ಅತ್ಯುತ್ತಮ ತೀರ್ಪಿನ ವಿಂಡೊ ಎಂದೋ ಮುಚ್ಚಿರುತ್ತದೆ. ಇದಕ್ಕೆ ಪರಿಹಾರ ಕ್ಯಾಲಿಬ್ರೇಷನ್. ಆಟ ಒಂದು ಸಮನಾದ ಟಿಕ್ ಟಿಕ್ ಸದ್ದು ಕೇಳಿಸಿ, ಅದಕ್ಕೆ ತಕ್ಕಂತೆ ಆಟಗಾರ ಒತ್ತಿದ ಸಮಯಗಳ ಸರಾಸರಿ ತೆಗೆದು, ಅಷ್ಟನ್ನು ಮುಂದಿನ ಎಲ್ಲ ಲೆಕ್ಕದಿಂದ ಕಳೆಯುತ್ತದೆ. 2008ರ ‘ರಾಕ್ ಬ್ಯಾಂಡ್ 2’ ಜೊತೆಗಿನ ಗಿಟಾರಿನಲ್ಲಿ ಬೆಳಕು ಮತ್ತು ಸದ್ದನ್ನು ಗ್ರಹಿಸುವ ಪುಟ್ಟ ಸಾಧನಗಳಿದ್ದವು. ಗಿಟಾರನ್ನು ಟಿವಿಯ ಮುಂದೆ ಹಿಡಿದರೆ ಅದೇ ವಿಳಂಬವನ್ನು ಅಳೆದುಕೊಳ್ಳುತ್ತಿತ್ತು.

ಮನುಷ್ಯನ ಕೈಯಲ್ಲೂ ಒಂದು ಒಲವಿದೆ. ಸಮನಾದ ಸದ್ದಿಗೆ ಬೆರಳು ಬಡಿಯಲು ಹೇಳಿದರೆ ಹೆಚ್ಚಿನವರು ತಮಗೆ ಅರಿವಿಲ್ಲದೆಯೇ ಸದ್ದಿಗಿಂತ ಕೆಲವು ಹತ್ತು ಮಿಲಿಸೆಕೆಂಡ್ ಮೊದಲೇ ಬಡಿಯುತ್ತಾರೆ. ಸಂಗೀತ ಕಲಿತವರಲ್ಲಿ ಈ ಅಂತರ ಕಡಿಮೆ. ಲಯ ಗ್ರಹಿಕೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ ಇದು. ಈಗಿನ ಹಲವು ಆಟಗಳು ತೀರ್ಪಿನ ಪಕ್ಕದಲ್ಲೇ ‘ಫಾಸ್ಟ್’ ಅಥವಾ ‘ಸ್ಲೋ’ ಎಂದು ತೋರಿಸಿ ಒಲವು ಯಾವ ಕಡೆಗಿದೆ ಎಂದು ತಿಳಿಸುತ್ತವೆ.

ಸರಾಸರಿಯ ಜೊತೆಗೆ ಚದುರುವಿಕೆಯನ್ನೂ ನೋಡಬೇಕು. ಒಸು ಇದನ್ನು ಅನ್‌ಸ್ಟೇಬಲ್ ರೇಟ್ ಎಂಬ ಅಂಕಿಯಲ್ಲಿ ಕೊಡುತ್ತದೆ: ಒತ್ತಿದ ಸಮಯಗಳ ಮಾನಕ ವಿಚಲನೆಯ ಹತ್ತು ಪಟ್ಟು. ಅದು 100 ಇದ್ದರೆ ವಿಚಲನೆ 10 ಮಿಲಿಸೆಕೆಂಡ್. ಕಾಠಿಣ್ಯ 8ರ ಹಾಡಿನಲ್ಲಿ 300ರ ವಿಂಡೊ 32 ಮಿಲಿಸೆಕೆಂಡ್. ಸರಾಸರಿ ಸೊನ್ನೆಯಲ್ಲೇ ಇದ್ದರೆ ಈ ಕೈಯ ಬಹುತೇಕ ಎಲ್ಲ ನೋಟ್‌ಗಳೂ ಒಳಗೆ ಬೀಳುತ್ತವೆ. ಸಾವಿರಕ್ಕೆ ಒಂದೆರಡು ಹೊರಗುಳಿದಾವು. ಅದೇ ಕೈ, ಅದೇ ಚದುರುವಿಕೆ, ಆದರೆ ಕ್ಯಾಲಿಬ್ರೇಷನ್ 20 ಮಿಲಿಸೆಕೆಂಡ್ ತಪ್ಪಿದೆ ಎಂದಾದರೆ ನೂರಕ್ಕೆ ಹನ್ನೊಂದು ಹನ್ನೆರಡು ನೋಟ್‌ಗಳು ವಿಂಡೊ ದಾಟುತ್ತವೆ. 300ರ ಪಾಲು ಶೇಕಡಾ 90ರ ಕೆಳಗಿಳಿದು, ಒಂದೂ ಮಿಸ್ ಇಲ್ಲದಿದ್ದರೂ ಎಸ್ ಹೋಗಿ ಎ ಉಳಿಯುತ್ತದೆ. ಸರಾಸರಿ ಸರಿದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಸಾಕು. ಚದುರುವಿಕೆಯನ್ನು ಯಾವ ಸೆಟ್ಟಿಂಗೂ ಕುಗ್ಗಿಸಲಾರದು. ಅದನ್ನು 150ರಿಂದ 100ಕ್ಕೆ ಇಳಿಸಲು ಅಭ್ಯಾಸವೇ ಬೇಕು.