ಆಪ್ತವಾಕ್ಯವೂ ಮೋಟಾರು ಗಾಡಿಯ ಆಯ್ಕೆಯೂ

ಚಾರ್ಮಾಡಿ ಘಟ್ಟದ ಶಿರೋಭಾಗದಲ್ಲಿರುವ ಕೊಟ್ಟಿಗೆಹಾರವು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಊರಾದರೂ ಮಾರ್ಗಗಳು ಕೂಡುವ ಸ್ಥಳವಾದುದರಿಂದ ಎಲ್ಲರಿಗೂ ಪರಿಚಿತವಾಗಿದೆ. ಮಂಗಳೂರಿನಿಂದ ತುಮಕೂರಿಗೆ ಹೋಗುವ ೭೩ನೆಯ ರಾಷ್ಟ್ರೀಯ ಹೆದ್ದಾರಿಯು ಉಜಿರೆಯ ಕಡೆಯಿಂದ ಘಟ್ಟವನ್ನೇರಿ ಇಲ್ಲಿಗೆ ಬಂದು, ಬಣಕಲ್ ಮಾರ್ಗವಾಗಿ ಮೂಡಿಗೆರೆಗೆ ಸಾಗುತ್ತದೆ. ಕಳಸ ಹೊರನಾಡುಗಳ ದಾರಿಯು ಇಲ್ಲಿಯೇ ಕವಲೊಡೆಯುತ್ತದೆ. ಆಷಾಢ ಶ್ರಾವಣಗಳಲ್ಲಿ ಮಳೆಯೂ ಮಂಜೂ ಸೇರಿ ಹತ್ತು ಮಾರು ದೂರದ ವಸ್ತುವೂ ಕಾಣದಂತಾಗುವುದುಂಟು. ೨೦೧೯ನೆಯ ಆಗಸ್ಟ್ ತಿಂಗಳಿನಲ್ಲಿ ಗುಡ್ಡಗಳು ಕುಸಿದು ಘಟ್ಟದ ಸಂಚಾರವೇ ನಿಂತುಹೋಗಿತ್ತು. ಇಂತಹ ದಾರಿಯಲ್ಲಿ ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುತ್ತಿರುವ ಗಾಡಿಯು ನಡುರಾತ್ರಿಯಲ್ಲಿ ನಿಂತಿತೆಂದರೆ ಅದು ಕೇವಲ ಯಂತ್ರದ ವೈಫಲ್ಯವೆಂದು ಯಾರೂ ಹೇಳಲಾರರು.

ಆದಕಾರಣ ಈ ಸೀಮೆಯ ಜನರು ಗಾಡಿಯನ್ನು ಕೊಳ್ಳುವಾಗ ಮೊದಲು ಕೇಳುವುದು ಅದರ ಅಂದವನ್ನಲ್ಲ, ‘ಇದು ಕೈಕೊಡುವುದಿಲ್ಲವಷ್ಟೆ?’ ಎಂದು. ‘ಕೈಕೊಡು’ ಎಂಬ ಈ ನುಡಿಯು ವಿಚಾರಾರ್ಹವಾದುದು. ನೆರವಾಗಿ ಕೈ ನೀಡುವುದನ್ನು ಹೇಳಬೇಕಾದ ಮಾತು, ನೆಚ್ಚಿದವನನ್ನು ಆಪತ್ತಿನಲ್ಲಿ ತೊರೆಯುವುದೆಂಬ ವಿಪರೀತಾರ್ಥದಲ್ಲಿ ರೂಢವಾಗಿದೆ. ಪಂಡಿತರು ಬಳಸುವ ‘ವಿಶ್ವಾಸಾರ್ಹತೆ’ಗಿಂತ ಇದರಲ್ಲಿ ಅರ್ಥಪುಷ್ಟಿ ಹೆಚ್ಚು, ಏಕೆಂದರೆ ಇಲ್ಲಿ ದೋಷವು ಗಾಡಿಯಲ್ಲಿ ಮಾತ್ರವಿರದೆ, ನೆಚ್ಚಿದವನಿಗೂ ನೆಚ್ಚಲ್ಪಟ್ಟುದಕ್ಕೂ ಇರುವ ಸಂಬಂಧದಲ್ಲಿದೆ. ಗಾಡಿಯ ನೆಚ್ಚಿಕೆಯನ್ನು ಅಂಕಗಳಿಂದ ಅಳೆದು ದರ್ಜೆ ಕಟ್ಟುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ದರ್ಜೆಗಳು ಜನರ ಆಯ್ಕೆಯನ್ನು ಹೇಗೆ ತಿರುಗಿಸುತ್ತವೆ ಎಂಬ ಪ್ರಶ್ನೆಯು ಅರ್ಥಶಾಸ್ತ್ರಜ್ಞರದೆಂದು ತೋರಿದರೂ, ಮೂಲತಃ ಅದು ಶಬ್ದಪ್ರಮಾಣದ ಪ್ರಶ್ನೆ. ಕೊಳ್ಳುವವನು ಗಾಡಿಯ ಬಾಳಿಕೆಯನ್ನು ಪ್ರತ್ಯಕ್ಷದಿಂದ ಅರಿಯಲಾರನು. ಐದು ವರ್ಷ ಓಡಿಸಿದ ಮೇಲಲ್ಲದೆ ಅದು ಗೋಚರಿಸದು. ಪರರ ಮಾತನ್ನೇ ನಂಬಬೇಕು. ಯಾರ ಮಾತನ್ನು?

ನ್ಯಾಯಸೂತ್ರಕಾರನಾದ ಗೌತಮನು ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದನು. ವಸ್ತುವನ್ನು ಸಾಕ್ಷಾತ್ತಾಗಿ ಕಂಡು, ಕಂಡುದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನೇ ಆಪ್ತನೆಂದೂ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿದ್ದಾನೆ. ಕುಲವನ್ನಾಗಲಿ ಪದವಿಯನ್ನಾಗಲಿ ಲಕ್ಷಣದೊಳಗೆ ಸೇರಿಸದಿದ್ದುದು ಆ ಮಹಾನುಭಾವನ ದೊಡ್ಡ ಉಪಕಾರ. ಗ್ಯಾರೇಜಿನಲ್ಲಿ ಕೈಯೆಲ್ಲ ಎಣ್ಣೆಯಾಗಿ ನಿಂತಿರುವ ಮೆಕ್ಯಾನಿಕ್ಕನೂ ಈ ಮಾತಿನಿಂದ ಆಪ್ತರ ಪಂಕ್ತಿಗೆ ಸೇರುತ್ತಾನೆ.

ಈ ಒರೆಗಲ್ಲಿನಲ್ಲಿ ಪಾಶ್ಚಾತ್ಯರ ದರ್ಜೆಗಳನ್ನು ತಿಕ್ಕಿ ನೋಡೋಣ. ಅಮೆರಿಕದಲ್ಲಿ ೧೯೩೬ರಲ್ಲಿ ಹುಟ್ಟಿದ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಸಂಸ್ಥೆಯು ತನ್ನ ಪತ್ರಿಕೆಯಲ್ಲಿ ಜಾಹೀರಾತುಗಳನ್ನು ಸ್ವೀಕರಿಸದೆ, ಸದಸ್ಯರನ್ನೇ ಕೇಳಿ ಅವರ ಗಾಡಿಗಳ ದೋಷಗಳನ್ನು ಸಂಗ್ರಹಿಸುತ್ತದೆ. ೧೯೬೮ರಲ್ಲಿ ಸ್ಥಾಪಿತವಾದ ಜೆ. ಡಿ. ಪವರ್ ಸಂಸ್ಥೆಯಾದರೋ ಮೂರು ವರ್ಷ ಬಳಸಿದ ಗಾಡಿಗಳ ಒಡೆಯರನ್ನು ವಿಚಾರಿಸಿ, ನೂರು ಗಾಡಿಗಳಿಗೆ ಎಷ್ಟು ದೋಷಗಳೆಂದು ಎಣಿಸುತ್ತದೆ. ತನ್ನ ಪ್ರಶಸ್ತಿಯ ಹೆಸರನ್ನು ಜಾಹೀರಾತಿನಲ್ಲಿ ಬಳಸುವ ತಯಾರಕರಿಂದ ಶುಲ್ಕವನ್ನೂ ಪಡೆಯುತ್ತದೆ. ಶುಲ್ಕ ಪಡೆದ ಮಾತ್ರಕ್ಕೆ ಮಾತು ಸುಳ್ಳಾಗದು. ಆದರೆ ಕೇಳುವವನು ಎರಡು ಸಾಕ್ಷಿಗಳನ್ನೂ ಒಂದೇ ತೂಕದಲ್ಲಿ ತೂಗಬಾರದು. ಅದಕ್ಕಿಂತ ಸೂಕ್ಷ್ಮವಾದ ತೊಡಕು ಎಣಿಕೆಯಲ್ಲಿಯೇ ಇದೆ. ಈಚಿನ ವರ್ಷಗಳಲ್ಲಿ ಈ ಎಣಿಕೆಯೊಳಗೆ ಅತ್ಯಧಿಕವಾಗಿರುವುದು ಹಾಡು, ನಕ್ಷೆ, ದೂರವಾಣಿಗಳನ್ನು ನಡೆಸುವ ಪರದೆಯ ದೋಷಗಳು. ನೂರಕ್ಕೆ ಇಷ್ಟೆಂಬ ಒಂದೇ ಮೊತ್ತದಲ್ಲಿ ಹಾಡು ನಿಂತುದೂ ಕ್ಲಚ್ಚು ಸುಟ್ಟುದೂ ಒಂದೊಂದೇ ಆಗಿ ಕೂಡಿಹೋಗುತ್ತವೆ. ಘಟ್ಟದ ತಿರುವಿನಲ್ಲಿ ನಿಂತವನಿಗೆ ಅವೆರಡೂ ಒಂದೇ ಅಲ್ಲ.

ಮೇಲಾಗಿ ಇಲ್ಲಿ ಉಪಾಧಿಯೆಂಬ ದೋಷವೂ ಉಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ಅನುಮಾನವು ಹಸಿ ಸೌದೆಯೆಂಬ ಉಪಾಧಿಯಿಂದ ಕೆಡುವುದನ್ನು ತರ್ಕಸಂಗ್ರಹ ಓದಿದವರೆಲ್ಲರೂ ಬಲ್ಲರು. ಸಮತಟ್ಟಾದ ರಾಜಮಾರ್ಗದಲ್ಲಿ ಕೆಡದ ಗಾಡಿಯು ತೋಟದ ಕೊರಕಲು ದಾರಿಯಲ್ಲಿಯೂ ಕೆಡದೆಂಬುದು ಅದೇ ಜಾತಿಯ ಅನುಮಾನ. ದರ್ಜೆ ಪಡೆದುದು ಹಳೆಯ ಮಾದರಿ, ಅಂಗಡಿಯಲ್ಲಿರುವುದು ಹೊಸದು. ನಡುವೆ ಸೇತುವೆಯಾಗಿರುವುದು ಕಂಪನಿಯ ಹೆಸರೊಂದೇ. ಗೋತ್ರವನ್ನು ಕೇಳಿ ವರನ ಗುಣವನ್ನು ಊಹಿಸಿದಂತೆ!

ಹೆಸರಿಗೆ ಅಷ್ಟು ಬಲವಿದೆಯೆ ಎಂದು ಶಂಕಿಸುವವರಿಗೆ ಒಂದು ದೃಷ್ಟಾಂತ. ೧೯೮೪ರಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬಲ್ಲಿ ಟೊಯೋಟಾ ಮತ್ತು ಜನರಲ್ ಮೋಟರ್ಸ್ ಕೂಡಿ ನಡೆಸಿದ ಒಂದೇ ಕಾರ್ಖಾನೆಯಲ್ಲಿ, ಬಹುಮಟ್ಟಿಗೆ ಒಂದೇ ಆದ ಗಾಡಿಗಳು ಎರಡು ಕಂಪನಿಗಳ ಹೆಸರಿನಿಂದ ಹೊರಟವು. ಟೊಯೋಟಾದ ಹೆಸರು ಹೊತ್ತುದಕ್ಕೆ ಹಳತಾದ ಮೇಲೆಯೂ ಹೆಚ್ಚು ಬೆಲೆ ಬರುತ್ತಿತ್ತು. ನಮ್ಮಲ್ಲಿಯೂ ೨೦೧೯ರಲ್ಲಿ ಮಾರುತಿಯ ಬಲೆನೊ ಗಾಡಿಯೇ ಗ್ಲಾನ್ಜಾ ಎಂಬ ನಾಮಧೇಯದಿಂದ ಟೊಯೋಟಾದ ಅಂಗಡಿಯಲ್ಲಿ ಕಾಣಿಸಿಕೊಂಡಿತು. ವಸ್ತುವಿನಲ್ಲಿ ಅಭೇದ, ನಾಮದಲ್ಲಿ ಭೇದ. ಆದರೆ ಭೇದವು ಕೇವಲ ಭ್ರಾಂತಿಯೆಂದು ಅದ್ವೈತಿಯಂತೆ ತಳ್ಳಿಹಾಕುವಂತಿಲ್ಲ: ಆಗ ಬಲೆನೊಗೆ ೨ ವರ್ಷ ಅಥವಾ ೪೦,೦೦೦ ಕಿಲೋಮೀಟರುಗಳ ವಾರಂಟಿಯಿದ್ದರೆ ಗ್ಲಾನ್ಜಾಕ್ಕೆ ೩ ವರ್ಷ ಅಥವಾ ೧,೦೦,೦೦೦ ಕಿಲೋಮೀಟರುಗಳದಿತ್ತು. ಹೆಸರು ಬದಲಾದೊಡನೆ ಹೊಣೆಯೂ ಬದಲಾಯಿತು.

ಇನ್ನು ಕೊಟ್ಟಿಗೆಹಾರದ ಕಡೆಗೆ ಮರಳೋಣ. ಮಲೆನಾಡಿನ ತೋಟಗಳಲ್ಲಿ ಮಹೀಂದ್ರಾ ಜೀಪು ಮನೆಮಾತಾದುದು ಯಾವ ಸಂಸ್ಥೆಯ ದರ್ಜೆಯಿಂದಲೂ ಅಲ್ಲ. ನೆರೆಯವನು ಜೀಪು ಇಟ್ಟನು. ಮೆಕ್ಯಾನಿಕ್ಕನಿಗೆ ಅದರ ಒಳಹೊರಗು ತಿಳಿಯಿತು. ಮೂಡಿಗೆರೆಯ ಅಂಗಡಿಯವನು ಅದರ ಬಿಡಿಭಾಗ ತರಿಸಿಟ್ಟನು. ಆದ್ದರಿಂದ ಮತ್ತೊಬ್ಬನೂ ಜೀಪನ್ನೇ ಕೊಂಡನು. ಎಲ್ಲರೂ ಕೊಳ್ಳುವುದರಿಂದ ಅದು ನೆಚ್ಚತಕ್ಕುದು, ನೆಚ್ಚತಕ್ಕುದಾದ್ದರಿಂದ ಎಲ್ಲರೂ ಕೊಳ್ಳುತ್ತಾರೆ. ಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂಬ ದೋಷವನ್ನು ಹೇಳುವರು. ಲೋಕದಲ್ಲಿ ಇದು ದೋಷವಾಗದೆ ಬೀಜಾಂಕುರ ನ್ಯಾಯದಂತೆ ಬೆಳೆಯುತ್ತದೆ: ನಂಬಿಕೆಯೇ ಗಾಡಿಯ ಗುಣವನ್ನು ಭಾಗಶಃ ನಿರ್ಮಿಸುತ್ತದೆ. ನೆಚ್ಚಿಕೆಯೆಂಬುದು ಉಕ್ಕಿನೊಳಗೆ ಅಡಗಿರುವ ಧರ್ಮ ಮಾತ್ರವಲ್ಲ, ಅದನ್ನು ರಿಪೇರಿ ಮಾಡಬಲ್ಲ ಕೈಗಳೂ ಸಿಗುವ ಬಿಡಿಭಾಗಗಳೂ ಕೂಡಿದ ಸಮುದಾಯಧರ್ಮ. ಜನರಲ್ ಮೋಟರ್ಸ್ ಸಂಸ್ಥೆಯು ೨೦೧೭ರಲ್ಲಿ ಈ ದೇಶದ ಮಾರಾಟವನ್ನು ನಿಲ್ಲಿಸಿದಾಗ, ಫೋರ್ಡ್ ೨೦೨೧ರಲ್ಲಿ ಇಲ್ಲಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದಾಗ, ಓಡುತ್ತಿದ್ದ ಗಾಡಿಗಳ ಉಕ್ಕು ಒಂದೇ ದಿನದಲ್ಲಿ ಕೆಟ್ಟುಹೋಗಲಿಲ್ಲ. ಒಡೆಯರ ಮನಸ್ಸಿನ ನೆಮ್ಮದಿಯಾದರೋ ಕೆಟ್ಟಿತು. ವಾಕ್ಯಾರ್ಥಕ್ಕೆ ಆಕಾಂಕ್ಷೆ ಯೋಗ್ಯತೆಗಳ ಜೊತೆಗೆ ಸನ್ನಿಧಿಯೂ ಬೇಕೆನ್ನುವರು. ಗಾಡಿಗೂ ಹಾಗೆಯೇ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ೨೦೨೩ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ನಕ್ಷತ್ರಗಳನ್ನು ನೆಚ್ಚಿಕೆಯ ದರ್ಜೆಯೆಂದು ಹಲವರು ಭಾವಿಸುತ್ತಾರೆ. ಅವು ಅಪಘಾತದಲ್ಲಿ ಒಳಗಿರುವವರ ರಕ್ಷಣೆಯನ್ನು ಅಳೆಯುತ್ತವೆಯೇ ಹೊರತು ಗಾಡಿ ನಿಲ್ಲುವುದೋ ಓಡುವುದೋ ಎಂಬುದನ್ನಲ್ಲ. ಐದು ನಕ್ಷತ್ರಗಳ ಗಾಡಿಯೂ ಕೈಕೊಡಬಹುದು.

ಹಾಗಾದರೆ ಸ್ಥಳದ ಮೆಕ್ಯಾನಿಕ್ಕನ ಮಾತೇ ಸರ್ವದಾ ಪ್ರಮಾಣವೆ? ಅದೂ ಸಲ್ಲದು. ಆಪ್ತತ್ವಕ್ಕೆ ಸಾಕ್ಷಾತ್ಕಾರವೇ ಮೂಲವೆಂದ ಮೇಲೆ, ಕಾಣದುದರಲ್ಲಿ ಅವನೂ ಆಪ್ತನಲ್ಲ. ೨೦೨೦ರ ಏಪ್ರಿಲ್ ೧ರಿಂದ ಬಿ.ಎಸ್. ೬ ಎಂಬ ನಿಯಮವು ಬಂದ ತರುವಾಯ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೊಂದನ್ನು ಅಳವಡಿಸಿದ್ದಾರೆ. ಗಾಡಿಯು ಒಂದೇ ಸಮನೆ ವೇಗವಾಗಿ ಸ್ವಲ್ಪ ಹೊತ್ತು ಓಡಿದರೆ ಆ ಮಸಿಯು ತಾನಾಗಿ ಉರಿದುಹೋಗುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಮಂದಗತಿಯಲ್ಲಿ ತಿರುಗುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹೆದ್ದಾರಿಯವರನ್ನು ಕೇಳಿ ಕಟ್ಟಿದ ದರ್ಜೆಯಲ್ಲಿ ಈ ದೋಷವು ತೋರದು. ಜೀಪಿನ ಕಾಲದ ಮೆಕ್ಯಾನಿಕ್ಕನ ಅನುಭವದಲ್ಲಿಯೂ ಇದು ಇರಲಿಲ್ಲ. ಪತ್ತೆಹಚ್ಚಲು ಸ್ಕ್ಯಾನರ್ ಯಂತ್ರವನ್ನು ಜೋಡಿಸಿ ಓದಬೇಕು. ಸ್ಕ್ಯಾನರನ್ನು ಓದಬಲ್ಲವನೂ, ತೋಟದ ದಾರಿಯನ್ನು ಬಲ್ಲವನೂ ಒಬ್ಬನೇ ಆಗಿರುವ ಗ್ಯಾರೇಜು ಎಲ್ಲಿದೆಯೆಂದು ವಿಚಾರಿಸಿಕೊಂಡ ಬಳಿಕವೇ ಈ ಸೀಮೆಯವರು ಹೊಸ ಡೀಸೆಲ್ ಗಾಡಿಗೆ ಮುಂಗಡ ಕೊಡುವುದು ಯುಕ್ತ.