ಕಡವು ದಾಟಿ ಕಡಲಿಗೆ

ಪ್ರವಾಸವೆಂದರೆ ಉಳ್ಳವರ ಹವ್ಯಾಸ ಎಂಬ ಭಾವನೆ ನಮ್ಮ ಮನೆತನಗಳಲ್ಲಿ ಇನ್ನೂ ಉಳಿದಿದೆ. ಜಾತ್ರೆಗೆ ಹೋಗುತ್ತೇವೆ, ಮಠಕ್ಕೆ ಹೋಗುತ್ತೇವೆ, ಬೀಗರ ಮನೆಯ ಮದುವೆಗೆ ಹೋಗುತ್ತೇವೆ. ಆದರೆ ಕೇವಲ ನೋಡಿ ಬರುವುದಕ್ಕಾಗಿ, ಅದರಲ್ಲಿಯೂ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊರಡುವುದು ಅಪರೂಪ. ಶಿಗ್ಲಿಯಲ್ಲಿ ಹುಟ್ಟಿ ಬೆಳೆದ ನಾವೂ ಈ ಮಾತಿಗೆ ಹೊರತಾಗಿರಲಿಲ್ಲ.

ಒಂದು ಸಂಜೆ ಪಾಠ ಓದುತ್ತಿದ್ದ ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿ, "ಅಜ್ಜಿ, ನೀ ಸಮುದ್ರ ನೋಡೀಯೇನು?" ಎಂದು ಕೇಳಿದಳು. ಎಪ್ಪತ್ತೆರಡು ತುಂಬಿದ ನಮ್ಮ ತಾಯಿಯವರು ಬತ್ತಿ ಹೊಸೆಯುತ್ತಲೇ ನಕ್ಕು, "ಯಾರ ತೋರಿಸ್ಯಾರವಾ ನನಗ?" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ದೂರಿಲ್ಲದ ಕಾರಣದಿಂದಲೇ ಅದು ನಮ್ಮ ಮನಸ್ಸನ್ನು ಹೆಚ್ಚು ಚುಚ್ಚಿತು. ಐವತ್ತು ವರ್ಷ ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತಿ, ರೊಟ್ಟಿ ಬಡಿದು, ನಮ್ಮೆಲ್ಲರನ್ನೂ ದಡ ಮುಟ್ಟಿಸಿದ ಜೀವವನ್ನು ನಾವು ಒಮ್ಮೆಯಾದರೂ ಇಂತಹ ಪ್ರಶ್ನೆ ಕೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಧರ್ಮಸ್ಥಳಕ್ಕೆ ಹೋಗುವ ಹರಕೆಯಿತ್ತು. ದರ್ಶನ ಮುಗಿಸಿ ಒಂದು ದಿನ ಮಂಗಳೂರಿನಲ್ಲಿ ಉಳಿಯುವುದೆಂದು ನಿಶ್ಚಯಿಸಿದೆವು. ಹಣದ ಮಾತು ಬಂದಾಗ ತಾಯಿಯವರು ಹಿಂಜರಿದರು. ೨೦೨೩ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಅವರಿಗೆ ಟಿಕೇಟಿನ ಖರ್ಚಿಲ್ಲವೆಂದು ತಿಳಿಸಿದೆವು. "ಹಂಗಾರ ನಿಮ್ಮ ಖರ್ಚಿಗೆ ನಾ ಯಾಕ ಬ್ಯಾಡ ಅನ್ನಲಿ" ಎಂದು ಒಪ್ಪಿದರು.

ಮಂಗಳೂರು ಕಡಲ ತೀರದ ನಗರವೇನೋ ನಿಜ. ಆದರೆ ಪೇಟೆಯಿಂದ ಕಡಲಿಗೆ ನೇರವಾಗಿ ನಡೆದು ಹೋಗಲಾಗದು. ನಡುವೆ ಒಂದು ಹೊಳೆಯಿದೆ. ಫಲ್ಗುಣಿ ಎಂದೂ ಕರೆಯಲ್ಪಡುವ ಗುರುಪುರ ನದಿಯು ಕಡಲ ಸಮೀಪಕ್ಕೆ ಬಂದರೂ ಒಡನೆಯೇ ಅದನ್ನು ಸೇರದೆ, ಮರಳಿನ ಉದ್ದನೆಯ ಪಟ್ಟಿಯೊಂದನ್ನು ಪಕ್ಕಕ್ಕೆ ಬಿಟ್ಟು ದಕ್ಷಿಣಕ್ಕೆ ಹರಿಯುತ್ತದೆ. ಹಳೆಯ ಬಂದರಿನ ಬಳಿ ನೇತ್ರಾವತಿಯೊಡಗೂಡಿ ಅಳಿವೆಬಾಗಿಲಿನಲ್ಲಿ ಕಡಲು ಸೇರುತ್ತದೆ. ಆ ಮರಳಪಟ್ಟಿಯ ಮೇಲೆ ಬೆಂಗ್ರೆಯೂ ತಣ್ಣೀರುಬಾವಿಯೂ ಇವೆ. ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಯ ದಡಕ್ಕೆ ಜನರನ್ನು ಸಾಗಿಸುವ ದೋಣಿಯನ್ನು ಅಲ್ಲಿಯವರು ಫೆರಿ ಎನ್ನುತ್ತಾರೆ. ದೋಣಿಯಲ್ಲಿ ಕೆಲವೇ ನಿಮಿಷಗಳ ಹಾದಿ. ರಸ್ತೆಯಲ್ಲಿ ಹೋಗುವುದಾದರೆ ಕೂಳೂರು ಸೇತುವೆಯನ್ನು ಸುತ್ತಿ ಹತ್ತು ಕಿಲೋಮೀಟರಿಗೂ ಮಿಗಿಲು.

ದೋಣಿಗಾಗಿ ಕಾಯುವಾಗ ಬತ್ತೇರಿಯನ್ನು ನೋಡಿದೆವು. ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ಕಾವಲು ಬುರುಜು ಇದು. ಆಂಗ್ಲರ ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ಕಾಯುವುದು ಇದರ ಉದ್ದೇಶವಾಗಿತ್ತು. ಅವನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದವಾದದ್ದೂ ಅದೇ ವರ್ಷದ ಮಾರ್ಚ್ ತಿಂಗಳಲ್ಲಿ. ಗೋಡೆಯ ಸುತ್ತಲೂ ತೋಪುಗಳಿಗಾಗಿ ಬಿಟ್ಟ ಕಿಂಡಿಗಳಿವೆ. ಒಂದು ಕಾಲಕ್ಕೆ ಬರುವವರನ್ನು ತಡೆಯಲೆಂದು ಕಟ್ಟಿದ ಬುರುಜಿನ ಬುಡದಿಂದಲೇ ಇಂದು ಬಂದವರನ್ನೆಲ್ಲ ಆಚೆ ದಡಕ್ಕೆ ಕರೆದೊಯ್ಯುವ ದೋಣಿ ಹೊರಡುತ್ತದೆ.

ದೋಣಿ ದಡಕ್ಕೆ ಬಂದು ತಾಗಿದಾಗ ತಾಯಿಯವರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಅವರ ತವರು ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಆಚೆ ದಡದ ಜಾತ್ರೆಗೆಂದು ಹರಿಗೋಲಿನಲ್ಲಿ ಹೊರಟಿದ್ದರಂತೆ. ನಡುಹೊಳೆಯಲ್ಲಿ ಅದು ಸುಳಿಗೆ ಸಿಕ್ಕು ಬುಗುರಿಯಂತೆ ತಿರುಗಿತಂತೆ. ಅಂಬಿಗನ ಜಾಣ್ಮೆಯಿಂದ ಎಲ್ಲರೂ ಪಾರಾದರು. ಆದರೆ ಅಂದಿನ ಭಯ ಅರವತ್ತು ವರ್ಷ ಕಳೆದರೂ ಅವರೊಳಗೆ ಉಳಿದಿತ್ತು. ಈ ಸಂಗತಿಯನ್ನು ನಾವು ಕೇಳಿದ್ದು ಆ ದಡದಲ್ಲಿ ನಿಂತಾಗಲೇ. ಒತ್ತಾಯ ಮಾಡುವುದೋ ಹಿಂದಿರುಗುವುದೋ ನಮಗೆ ತೋಚದಾಯಿತು.

ದೋಣಿಯವರು ನಮ್ಮ ಅನುಮಾನವನ್ನು ದೂರದಿಂದಲೇ ಗ್ರಹಿಸಿ ಇಳಿದು ಬಂದರು. "ಹೆದರಬೇಡಿ ಅಮ್ಮಾ, ಆಚೆ ಕಡೆಯ ಮಕ್ಕಳು ದಿನಾ ಇದರಲ್ಲೇ ಶಾಲೆಗೆ ಬರುವುದು. ಕೈ ಕೊಡಿ" ಎಂದರು. ತಾಯಿಯವರು ಅವರ ಮುಖವನ್ನು ಒಂದು ಕ್ಷಣ ನೋಡಿ, "ಶಿವನೇ" ಎನ್ನುತ್ತ ಕೈ ನೀಡಿದರು. ಕೈಹಿಡಿದು ಹತ್ತಿಸಿ, ಅಲುಗಾಟ ಕಡಿಮೆಯಿರುವ ನಡುಭಾಗವನ್ನು ತೋರಿಸಿದರು.

ಆದರೆ ನಡುಭಾಗದ ಹಲಗೆಯಲ್ಲಿ ತೆರಪಿರಲಿಲ್ಲ. ಪೇಟೆಯಲ್ಲಿ ಮೀನು ಮಾರಿ ಬರಿದಾದ ಬುಟ್ಟಿಯೊಡನೆ ಮರಳುತ್ತಿದ್ದ ಹೆಂಗಸೊಬ್ಬರು ಒಡನೆ ಎದ್ದು, ಬುಟ್ಟಿಯನ್ನು ಕಾಲಬಳಿಗೆ ಸರಿಸಿ, ತಮ್ಮ ಜಾಗವನ್ನು ಬಿಟ್ಟುಕೊಟ್ಟರು. ಬಾಲ್ಯದಿಂದ ಸಸ್ಯಾಹಾರದ ಮನೆಯಲ್ಲಿ ಬೆಳೆದವರು ನಾವು. ಆ ವಾಸನೆಗೆ ನಮ್ಮಲ್ಲೊಬ್ಬರು ಮೂಗಿಗೆ ಬಟ್ಟೆ ಹಿಡಿದುದು ನಿಜ. ಆ ತಾಯಿ ಅದನ್ನು ಕಂಡರು, ಮಾತಾಡಲಿಲ್ಲ. ನಮ್ಮ ತಾಯಿಯವರೂ ಕಂಡರು. ಅವರು ಹಲಗೆಯ ಮೇಲೆ ಒತ್ತಾಗಿ ಸರಿದು ಕುಳಿತು, "ಬಾ ತಂಗಿ, ಇಬ್ಬರೂ ಕುಂಡರೂಣು" ಎಂದು ಸೆರಗು ಹಿಡಿದು ಕೂರಿಸಿಕೊಂಡರು. ಬಳಿಕ ನಮ್ಮತ್ತ ತಿರುಗಿ ಮೆಲ್ಲನೆ, "ಆಕೀದೂ ಕಾಯಕನ" ಎಂದರು. ನಾವು ಬಟ್ಟೆಯನ್ನು ಕೆಳಗಿಳಿಸಿದೆವು. ಬಸವ ಜಯಂತಿಯ ವೇದಿಕೆಗಳಲ್ಲಿ ಎಷ್ಟೋ ಬಾರಿ ಕೇಳಿದ ಮಾತು ಆ ಹಲಗೆಯ ಮೇಲೆ ನಮ್ಮ ಎದುರಿಗೇ ನಡೆದಿತ್ತು.

ಯಂತ್ರ ಸದ್ದು ಮಾಡಿ ದೋಣಿ ಹೊರಟಿತು. ಬಲಕ್ಕೂ ಎಡಕ್ಕೂ ಹೊಳೆಯ ಅಗಲವಾದ ನೀರು, ಹಿಂದೆ ನಗರದ ಎತ್ತರದ ಕಟ್ಟಡಗಳು, ಮುಂದೆ ತೆಂಗಿನ ಸಾಲು. ಈ ಎರಡು ನದಿಗಳ ದಂಡೆಯ ಜೇಡಿಮಣ್ಣಿನಿಂದಲೇ ಮಂಗಳೂರು ಹಂಚು ಹುಟ್ಟಿತು. ೧೮೬೦ರ ದಶಕದಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ನಡೆಸುತ್ತಿತ್ತು. ನಮ್ಮ ಕಡೆಯ ಎಷ್ಟೋ ಹಳೆಯ ಶಾಲೆಗಳ ಮಾಡಿನ ಮೇಲೆ ಕೆಂಪು ಮಂಗಳೂರು ಹಂಚನ್ನು ಕಂಡಿದ್ದೇವೆ. ಇದನ್ನು ಹೇಳುತ್ತಿರುವಾಗಲೇ ದೋಣಿ ದಡ ಸೇರಿತು. ತಾಯಿಯವರು ಮುಚ್ಚಿದ್ದ ಕಣ್ಣು ತೆರೆದು, "ಇಷ್ಟಽ ಏನು?" ಎಂದರು. ಅರವತ್ತು ವರ್ಷದ ಭಯ ಕೆಲವೇ ನಿಮಿಷಗಳಲ್ಲಿ ಕಳೆಯಿತು.

ಅಲ್ಲಿಂದ ಮರಗಳ ನೆರಳಿನಲ್ಲಿ ಸ್ವಲ್ಪ ದೂರ ನಡೆಯಬೇಕು. ಕಡಲು ಕಾಣುವ ಮೊದಲೇ ಅದರ ಸಪ್ಪಳ ಕೇಳುತ್ತದೆ. "ಯಾರದೋ ಮಗ್ಗ ನಡದಾವಲ್ಲ" ಎಂದು ಅವರು ಕಿವಿಗೊಟ್ಟರು. ಮರಗಳು ಮುಗಿದವು. ಎದುರಿಗೆ ಅರಬ್ಬೀ ಸಮುದ್ರ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಮೊಮ್ಮಗಳ ಕೈ ಹಿಡಿದು, ಪಾದ ತೋಯುವಷ್ಟು ಮುಂದೆ ಹೋದರು. ಬಾಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, ಬೆರಳನ್ನು ನಾಲಗೆಗೆ ತಾಗಿಸಿ ನೋಡಿದರು.

"ಇಷ್ಟು ನೀರ ಐತಿ, ಒಂದು ಗುಟುಕು ಕುಡಿಯಾಕ ಬರಂಗಿಲ್ಲಲ್ಲೋ!"

ಬಯಲುನಾಡಿನ ಹೆಣ್ಣುಮಗಳೊಬ್ಬಳಿಗೆ ಸಮುದ್ರದ ಎದುರಿನಲ್ಲಿ ಬರಬಹುದಾದ ಮೊದಲ ಮಾತು ಇದೇ ಇರಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ, ಗದಗ ಸೀಮೆಯಲ್ಲಿ ಅದು ಸುಮಾರು ಆರುನೂರು. ಬೇಸಿಗೆಯಲ್ಲಿ ಕೊಡ ಹಿಡಿದು ಸರದಿ ನಿಂತ ಕೈ ಅವರದು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪಿರುತ್ತದೆ ಎಂದು ಮೊಮ್ಮಗಳು ಪುಸ್ತಕದ ಪಾಠವನ್ನು ಒಪ್ಪಿಸಿದಳು. ನಾವೂ ಒಂದು ಮಾತು ಸೇರಿಸಿದೆವು: ಇಲ್ಲಿಯ ನೇತ್ರಾವತಿಯೂ ನಮ್ಮ ತುಂಗೆ-ಭದ್ರೆಯರೂ ಪಶ್ಚಿಮಘಟ್ಟದ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿದವರು, ಒಬ್ಬಳು ಪಡುವಣಕ್ಕೆ ತಿರುಗಿ ಬೇಗನೆ ಕಡಲು ಸೇರುತ್ತಾಳೆ, ಉಳಿದಿಬ್ಬರು ಒಂದಾಗಿ ಮೂಡಣಕ್ಕೆ ಹರಿದು, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತಾರೆ. ತಾಯಿಯವರು ಕೇಳಿ, "ಹಂಗಾರ ನಮ್ಮ ಹೊಳಿಗೆ ದುಡಿತ ಹೆಚ್ಚು" ಎಂದರು.

ಮರಳುವ ವೇಳೆಗೆ ಜನ ಹೆಚ್ಚಿದ್ದರು. ದೋಣಿಯವರು ತಲೆ ಎಣಿಸಿ, ಮಿತಿ ಮುಟ್ಟಿದೊಡನೆ ಉಳಿದವರನ್ನು ತಡೆದರು. ಕೆಲವು ತರುಣರು ಇನ್ನಿಬ್ಬರಿಗೆ ಜಾಗವಿದೆಯೆಂದು ವಾದಿಸಿದರು. ದೋಣಿಯವರು ಮಣಿಯಲಿಲ್ಲ. ನಾವೂ ಹೊರಗುಳಿದವರಲ್ಲಿದ್ದೆವು, ಮುಂದಿನ ದೋಣಿಗೆ ಕಾದೆವು. "ಹೇಳಿದ ಮಾತು ಕೇಳಬೇಕಪಾ, ದಡ ಮುಟ್ಟಿಸಾವ ಅವನಲ್ಲ" ಎಂದು ತಾಯಿಯವರು ಆ ತರುಣರಿಗೆ ತಿಳಿಹೇಳಿದರು.

ಅಂಬಿಗರ ಚೌಡಯ್ಯನವರು ಹುಟ್ಟು ಹಾಕುತ್ತಿದ್ದುದು ನಮ್ಮ ತುಂಗಭದ್ರೆಯಲ್ಲಿಯೇ. ಹನ್ನೆರಡನೆಯ ಶತಮಾನದ ಆ ನಿಷ್ಠುರ ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿಸದೆ, ತಮ್ಮ ಕಾಯಕವೂ ಕೂಡಿದ ಸ್ವಂತ ಹೆಸರನ್ನೇ ಇಟ್ಟರು. ಈ ಸಂಗತಿ ನಮಗೆ ಓದಿನಿಂದ ತಿಳಿದಿತ್ತು. ಅದರ ಅರ್ಥ ತಿಳಿದದ್ದು ಅಂದು. ತನ್ನ ದೋಣಿಗೆ ಎಷ್ಟು ಭಾರವೆಂಬುದನ್ನು ಅರಿತು, ಆಸೆಗೂ ಒತ್ತಾಯಕ್ಕೂ ಬಾಗದೆ, ನಂಬಿದವರನ್ನು ದಡ ಸೇರಿಸುವವನು ತನ್ನ ಹೆಸರನ್ನು ಧೈರ್ಯದಿಂದ ಹೇಳಿಕೊಳ್ಳಬಲ್ಲ.

ಹೋಗಬಯಸುವ ಬಂಧುಗಳಿಗೆ ಒಂದೆರಡು ಸೂಚನೆಗಳನ್ನು ಹೇಳುವುದು ಉಚಿತ. ಮಳೆಗಾಲ ಬಿಟ್ಟು, ಚಳಿಗಾಲದಲ್ಲಿ ಹೋಗುವುದು ಲೇಸು. ಮಳೆಯ ದಿನಗಳಲ್ಲಿ ಕಡಲು ಎಷ್ಟು ಉಗ್ರವೆಂದರೆ, ಜೂನ್ ಮತ್ತು ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. ಕೊನೆಯ ದೋಣಿಯ ಹೊತ್ತನ್ನು ಇಳಿಯುವಾಗಲೇ ಕೇಳಿಕೊಳ್ಳಿರಿ. ಜೀವರಕ್ಷಕ ಅಂಗಿ ಕೊಟ್ಟರೆ ಸಂಕೋಚವಿಲ್ಲದೆ ತೊಡಿರಿ. ಕೆರೆ ಬಾವಿಗಳಲ್ಲಿ ಈಜಿ ಬಲ್ಲೆವೆಂಬ ಧೈರ್ಯದಿಂದ ಮಕ್ಕಳನ್ನು ಅಲೆಯೊಳಗೆ ಬಿಡಬೇಡಿರಿ. ಹಿಂದಕ್ಕೆಳೆಯುವ ಅಲೆಗೆ ಈಜು ಬಲ್ಲವರೆಂಬ ಗಣನೆಯಿಲ್ಲ. ಪಾದ ತೋಯಿಸಿಕೊಂಡರೆ ಸಾಕು, ಕಡಲು ಕಂಡಂತೆಯೇ.

ಊರಿಗೆ ಬಂದ ಮರುದಿನ ನೆರೆಮನೆಯ ಹಿರಿಯರೊಬ್ಬರು ತಾಯಿಯವರನ್ನು ಕಾಣಲು ಬಂದರು. ಕಡಲ ಸುದ್ದಿಯನ್ನೆಲ್ಲ ಕೇಳಿ, ಬಾಗಿಲು ದಾಟುವಾಗ ಅವರು ತಡೆದು ನಿಂತು, "ನಾನೂ ಕಂಡಿಲ್ಲವಾ" ಎಂದರು. ಅವರ ಮಗನು ಅಲ್ಲಿಯೇ ನಿಂತಿದ್ದ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಕಡಲನ್ನು ಕಾಣದ ಒಂದು ಜೀವವಿರಬಹುದು. ಇಂದು ಸಂಜೆ ಒಮ್ಮೆ ಕೇಳಿ ನೋಡಿರಿ. ಕಾಲಲ್ಲಿ ಶಕ್ತಿಯಿರುವಾಗಲೇ ಕರೆದೊಯ್ಯಿರಿ. ಶರಣು ಶರಣಾರ್ಥಿ.